ಒಂಟಿಕಾಲಿನ ಪ್ರಾಣಿ

ಸೋಮವಾರ ಬೆಳಗ್ಗೆ ಏಳು ಗಂಟೆಗೆ, ಎಡಗೈಯಲ್ಲಿ ಕಾಫಿ ಲೋಟ ಹಿಡಿದು, ಬಲಗೈಯನ್ನು ಸೊಂಟದ ಮೇಲಿಟ್ಟುಕೊಂಡು ನಾನು ಪ್ರತಿಜ್ಞೆ ಮಾಡಿದೆ.

"ಭಾನುವಾರದೊಳಗೆ ಈ ಲಾನ್ ಅಗೆಯೋ ಕಳ್ಳ ಯಾವ ಪ್ರಾಣಿ ಅಂತ ಕಂಡುಹಿಡೀತೀನಿ. ಅದರ ಜಾತಕ ಜಾಲಾಡ್ತೀನಿ. ಆಗಲಿಲ್ಲ ಅಂದ್ರೆ ಇನ್ನು ಈ ನೀರಿನ ಪೈಪು ಮುಟ್ಟಲ್ಲ."

ಈ ಮಹಾಪ್ರತಿಜ್ಞೆಯನ್ನು ಕೇಳಿದವರು ಇಬ್ಬರು. ಒಬ್ಬರು ನನ್ನ ಯಜಮಾನರು. ಬಾಯಲ್ಲಿ ಬ್ರಷ್ ಇದ್ದುದರಿಂದ ಅವರಿಗೆ ಎದುರಾಡಲು ಆಗಲಿಲ್ಲ. ಇನ್ನೊಬ್ಬರು ನಮ್ಮ ಅತ್ತೆ. ತಮ್ಮ ಕೋಣೆಯ ಕಿಟಕಿಯ ಹಿಂದೆ ಕೂತಿದ್ದವರು ಏನೋ ಹೇಳಲು ಬಾಯಿ ತೆರೆದರು. "ನೀವೇನೂ ಹೇಳೋದು ಬೇಡ ಅತ್ತೆ, ಎಲ್ಲ ನಾನು ನೋಡ್ಕೋತೀನಿ" ಎಂದೆ. ಅವರು ತೆರೆದ ಬಾಯನ್ನು ಹಾಗೇ ಮುಚ್ಚಿದರು.

ನಮ್ಮ ಅತ್ತೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿ, ಮೇಟ್ರನ್ ಆಗಿ ನಿವೃತ್ತರಾದವರು. ರೋಗಿಗಳ ನಂತರ ಅವರು ಅಷ್ಟೇ ಶಿಸ್ತಿನಲ್ಲಿ ಸಾಕಿದ್ದೆಂದರೆ ಮನೆಯ ಹಿಂದಿನ ಹುಲ್ಲುಹಾಸನ್ನು. ಒಂದು ಹುಲ್ಲು ಇನ್ನೊಂದಕ್ಕಿಂತ ಎತ್ತರವಾಗಿ ಬೆಳೆಯಲು ಹೆದರುತ್ತಿತ್ತು. ಹೋದ ವರ್ಷ ಮಂಡಿಯ ಆಪರೇಷನ್ ಆಗಿ ಕೈಗೆ ಕೋಲು ಬಂದ ಮೇಲೆ, ನೀರಿನ ಪೈಪನ್ನು ನನ್ನ ಕೈಗಿಟ್ಟು, "ಇನ್ನು ವಾರ್ಡು ನಿಂದು" ಎಂದಿದ್ದರು. ಮದುವೆಯಾಗಿ ಬಂದ ದಿನ ಬೀರುವಿನ ಬೀಗದಕೈ ಕೊಟ್ಟಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಬರುವ ಭಾನುವಾರ ಅವರ ಜೊತೆ ಕೆಲಸ ಮಾಡಿದ ನಾಲ್ವರು ನರ್ಸುಗಳು ಹನ್ನೆರಡು ವರ್ಷಗಳ ನಂತರ ಚಹಾಕ್ಕೆ ಬರುವವರಿದ್ದರು. ಲಾನ್ ಮೇಲೇ ಕೂರೋಣ, ಅದು ಈಗಲೂ ಹಾಗೇ ಇದೆ, ಸೊಸೆ ನೋಡ್ಕೋತಾಳೆ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ. ಸರಿಯಾಗಿ ಅದೇ ವಾರ ನೋಡಿ, ಯಾರೋ ಚಹಾದ ಬಟ್ಟಲು ಒತ್ತಿ ತೆಗೆದ ಹಾಗೆ ಏಳು ಗುಂಡಿಗಳು!

ನಾನು ಹೆಚ್ಚು ಓದಿದವಳಲ್ಲ. ಬಂದದ್ದೆಲ್ಲ ಬೇರೆಯವರ ಬಾಯಿಂದ ಕೇಳಿ ಬಂದದ್ದು. ಬೆಳಗಿನ ಪ್ರಾರ್ಥನೆಯಲ್ಲೂ ದೇವರೆದುರು ಮಾತಾಡುವುದಕ್ಕಿಂತ ಸುಮ್ಮನೆ ಕೂತು ಕೇಳುವುದೇ ನನ್ನ ಅಭ್ಯಾಸ. ನನ್ನಷ್ಟು ತಾಳ್ಮೆಯಿಂದ ಕೇಳುವವರು ಈ ಬೀದಿಯಲ್ಲಿಲ್ಲ ಎಂಬ ಸಣ್ಣದೊಂದು ಜಂಬವೂ ಒಳಗೆ ಕೂತಿತ್ತು. ಆದ್ದರಿಂದ ತನಿಖೆಯನ್ನು ಕೇಳುವುದರಿಂದಲೇ ಶುರು ಮಾಡಿದೆ.

ಮೊದಲು ಕೇಳಿದ್ದು ಪಕ್ಕದ ಮನೆಯ ಟೈಲರಮ್ಮನನ್ನು. ಆಕೆ ಕೊರಳಲ್ಲಿದ್ದ ಟೇಪನ್ನು ತೆಗೆದು ಏಳೂ ಗುಂಡಿಗಳ ಸುತ್ತಳತೆ ತೆಗೆದುಕೊಂಡರು. ಅಂಚು ಎಷ್ಟು ನೀಟಾಗಿದೆ ನೋಡಿ, ಇಲಿಗೆಲ್ಲ ಇಂಥ ಕಟಿಂಗ್ ಬರಲ್ಲ, ಇದು ಮುಳ್ಳುಹಂದಿಯದೇ ಕೈಚಳಕ ಎಂದು ತೀರ್ಪು ಕೊಟ್ಟರು. ನೀರಿನ ಮೀಟರ್ ಓದುವವನು ಬಂದ. ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಹದಿನಾಲ್ಕು ನಾಯಿಗಳಿಂದ ಕಚ್ಚಿಸಿಕೊಂಡ ಅವನಿಗೆ ಲೋಕದಲ್ಲಿ ಬೇರೆ ಪ್ರಾಣಿ ಇರುವುದೇ ಗೊತ್ತಿರಲಿಲ್ಲ. ನಾಯಿ ಎಂದ. ಗೇಟು ಮುಚ್ಚಿದೆಯಲ್ಲಪ್ಪ ಎಂದರೆ, ಹಾಗಾದರೆ ಹಾರೋ ನಾಯಿ ಎಂದ. ಗೊಬ್ಬರದಂಗಡಿಯವನು ಎಲ್ಲವನ್ನೂ ಕೇಳಿ, ಕಾಡುಹಂದಿ ಇರಬೇಕು, ಇವತ್ತು ಒಂಟಿಯಾಗಿ ಬಂದಿದೆ, ನಾಳೆ ಸಂಸಾರ ಸಮೇತ ಬರುತ್ತದೆ ಎಂದು ಅಭಯ ಕೊಟ್ಟ. ಮೂವರ ಮಾತನ್ನೂ ನಾನು ನಡುವೆ ಬಾಯಿ ಹಾಕದೆ ಕೇಳಿದೆ. ಮಂಗಳವಾರ ಸಂಜೆಯ ಹೊತ್ತಿಗೆ ನನ್ನ ತಲೆಯೊಳಗೆ ಮೃಗಾಲಯವೇ ನೆಲೆಸಿತ್ತು.

ಹೆಜ್ಜೆಗುರುತು ಬೇಕೆಂದು ಆ ಸಂಜೆ ಹುಲ್ಲಿನ ಮೇಲೆಲ್ಲ ಎರಡು ಕಿಲೋ ಹಿಟ್ಟು ಜರಡಿ ಹಿಡಿದೆ. ರಾತ್ರಿ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಯಜಮಾನರ ಗಂಬೂಟು ತೊಟ್ಟು, ಟಾರ್ಚ್ ಹಿಡಿದು ಗಸ್ತು ತಿರುಗಿದೆ. ಬೆಳಗ್ಗೆ ನೋಡಿದರೆ ಇಬ್ಬನಿಗೆ ಹಿಟ್ಟು ನೆನೆದು ಹುಲ್ಲೆಲ್ಲ ಕಣಕವಾಗಿತ್ತು. ಕಾಗೆಗಳು ಬಂಧುಬಳಗ ಸಮೇತ ಬಂದು ಉಪಾಹಾರ ಮುಗಿಸಿಕೊಂಡು ಹೋಗಿದ್ದವು. ಆದರೂ ಒಂದು ಮೂಲೆಯಲ್ಲಿ ಗುರುತು ಉಳಿದಿತ್ತು. ನಾಣ್ಯದಷ್ಟು ಅಗಲದ ದುಂಡು ಗುರುತುಗಳು, ಮೊಳ ಮೊಳ ಬಿಟ್ಟು, ಒಂದೇ ಸಾಲಿನಲ್ಲಿ. ಪಕ್ಕದಲ್ಲಿ ಚಪ್ಪಲಿ ಗುರುತೂ ಇತ್ತು. ಅದು ಹಿಟ್ಟು ಚೆಲ್ಲುವಾಗ ನನ್ನದೇ ಆಗಿರಬೇಕೆಂದು ಬಿಟ್ಟೆ.

"ರೀ, ಇದಕ್ಕೆ ಒಂದೇ ಕಾಲು."

ಯಜಮಾನರು ಬಗ್ಗಿ ನೋಡಿದರು. "ಒಂಟಿಕಾಲಲ್ಲಿ ಕುಣಿದುಕೊಂಡು ಬಂದು ಗುಂಡಿ ತೋಡುತ್ತಾ? ಹಾಗಿದ್ರೆ ಅದಕ್ಕೆ ನಾವೇ ಬಹುಮಾನ ಕೊಡಬೇಕಲ್ಲೇ."

ಇಲ್ಲಿ ಯಜಮಾನರ ಕಸುಬನ್ನು ಹೇಳಬೇಕು. ಅವರು ಹಲ್ಲಿನ ಸೆಟ್ಟು ಮಾಡುತ್ತಾರೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಸುರಿದು, ದವಡೆ ಎಬ್ಬಿಸಿ, ಹಲ್ಲು ಕೂರಿಸುತ್ತಾರೆ. ಮನುಷ್ಯರ ಮುಖ ಮರೆತರೂ ಹಲ್ಲು ಮರೆಯದ ಜಾತಿ. ಅತ್ತೆಯ ಸೆಟ್ಟೂ ಅವರೇ ಮಾಡಿದ್ದು, ಅದೂ ಮೂರು ಸಲ. ಎರಡು ಸಲ ಮುತ್ತು ಪೋಣಿಸಿದಂಥ ಹಲ್ಲು ಮಾಡಿಕೊಟ್ಟರೆ, ಕನ್ನಡಿಯಲ್ಲಿ ನೋಡಿಕೊಂಡು ಅತ್ತೆ ವಾಪಸ್ ಕೊಟ್ಟಿದ್ದರು. "ಇದು ಯಾರದೋ ಬಾಯಿ. ನನ್ನ ಮುಂದಿನ ಹಲ್ಲಲ್ಲಿ ಸಂದಿ ಇತ್ತು, ಅದು ಎಲ್ಲಿ?" ಮೂರನೆಯ ಸಲ ಸಂದಿ ಇಟ್ಟು ಕೊಟ್ಟ ಮೇಲೆಯೇ ನಕ್ಕದ್ದು.

ಮನೆಯಲ್ಲೇ ಪ್ಲಾಸ್ಟರ್ ಮೂಟೆ ಇರುವಾಗ ನಾನು ಹಿಟ್ಟಿಗೇಕೆ ಕೈ ಹಾಕಿದೆ ಎಂದು ನನ್ನನ್ನೇ ಬೈದುಕೊಂಡೆ. ಬುಧವಾರ ಅರ್ಧ ಬಕೆಟ್ ಪ್ಲಾಸ್ಟರ್ ಕಲಸಿ, ಗುಂಡಿಯೊಳಗಿನ ಉಗುರಿನ ಗುರುತು ಹಿಡಿಯೋಣವೆಂದು ಏಳಕ್ಕೂ ಸುರಿದೆ. ಅದು ಕಲ್ಲಾಗಿ ಕೂತಿತು. ಕೀಳಲು ಹಾರೆ ಬೇಕಾಯಿತು. ಪ್ರತಿಯೊಂದು ಅಚ್ಚಿನ ಜೊತೆಗೂ ಊಟದ ತಟ್ಟೆಯಗಲ ಹುಲ್ಲು ಎದ್ದು ಬಂತು. ಬಟ್ಟಲಿನಂತಿದ್ದ ಗುಂಡಿಗಳು ಬಾಣಲೆಯಾದವು. ಅಚ್ಚಿನಲ್ಲಿ ಉಗುರೂ ಇರಲಿಲ್ಲ, ಬೆರಳೂ ಇರಲಿಲ್ಲ. ಏಳು ಬಿಳಿ ಬನ್ನುಗಳು, ಅಷ್ಟೇ. ಅತ್ತೆ ಕಿಟಕಿಯಿಂದ ಎಲ್ಲವನ್ನೂ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡಿದರು. ಅಷ್ಟು ವರ್ಷ ಅವರು ಕಾಪಾಡಿದ್ದನ್ನು ನಾನು ಮೂರು ದಿನದಲ್ಲಿ ಮುಗಿಸುವ ಹಾಗಿತ್ತು.

ಗುರುವಾರ ಹೊಸ ಗುಂಡಿ ನಾಲ್ಕು. ಶುಕ್ರವಾರ ಯಜಮಾನರಿಗೇ ನನ್ನ ಮೇಲೆ ಕರುಣೆ ಬಂತು.

"ಕಾಲು ಬಿಡು. ಹಲ್ಲು ಹಿಡಿ. ಗಟ್ಟಿಯಾಗಿರೋದನ್ನ ಏನಾದ್ರೂ ಕಚ್ಚಿಸು. ಗುರುತು ತಂದುಕೊಟ್ರೆ ಅದರ ವಯಸ್ಸು ಸಮೇತ ಹೇಳ್ತೀನಿ."

ದಪ್ಪನೆಯ ಚೀಸ್ ತುಂಡನ್ನು ತಟ್ಟೆಯಲ್ಲಿಟ್ಟು ಹುಲ್ಲಿನ ನಡುವೆ ಇಟ್ಟು ಬಂದೆ. ನಮ್ಮ ಮನೆಯಲ್ಲಿ ಚೀಸ್ ಅಪರೂಪ. ಅತ್ತೆಗೆ ರಕ್ತದೊತ್ತಡವೆಂದು ಡಾಕ್ಟರು ಉಪ್ಪಿನದನ್ನೆಲ್ಲ ನಿಲ್ಲಿಸಿದ ಮೇಲೆ, ಅವರಿಗೆ ಪ್ರಾಣವಾಗಿದ್ದ ಚೀಸನ್ನು ನಾವು ಯಾರೂ ಮನೆಗೆ ತರುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಚೀಸ್‌ನ ಮುಕ್ಕಾಲು ಪಾಲು ಮಾಯವಾಗಿತ್ತು. ಉಳಿದ ತುಂಡಿನ ಮೇಲೆ ಹಲ್ಲಿನ ಗುರುತು! ನಾನು ಅದನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಯಜಮಾನರ ಜೊತೆ ಪೇಟೆಯಲ್ಲಿನ ಅವರ ಕೆಲಸದ ಕೋಣೆಗೆ ಕಳಿಸಿದೆ. ನಾನು ಮಾತ್ರ ಸುಮ್ಮನಿರಬಾರದೇ? ಮರುದಿನವೇ ಅತಿಥಿಗಳು. ಗೊಬ್ಬರದಂಗಡಿಗೆ ಹೋದೆ. ಪ್ರಾಣಿ ಯಾವುದೆಂದು ಇನ್ನೂ ಗೊತ್ತಾಗಿಲ್ಲ ಎಂದರೆ ಅವನು, ಗೊತ್ತಾಗೋದು ಯಾಕಮ್ಮ, ಯಾವುದಾದರೂ ಇದಕ್ಕೆ ಉಳಿಯಲ್ಲ ಎಂದು ಒಂದು ಪೊಟ್ಟಣ ಕೊಟ್ಟ.

ಮನೆಗೆ ಬಂದು ಪ್ರಾರ್ಥನೆಗೆ ಕೂತೆ. ಮನಸ್ಸು ನಿಲ್ಲಲಿಲ್ಲ. ದೇವರೇ, ಜೀವ ತೆಗೆಯುವ ಕೆಲಸ, ಬೇಡವೆಂದಿದ್ದರೆ ಏನಾದರೂ ಸೂಚನೆ ಕೊಡು ಎಂದು ಕೇಳಿಕೊಂಡೆ. ಐದು ನಿಮಿಷ ಕಾದೆ. ಕುಕ್ಕರ್ ಕೂಗಿತು. ಅದು ಸೂಚನೆಯಲ್ಲ, ಅನ್ನ ಎಂದುಕೊಂಡು ಎದ್ದೆ. ಕತ್ತಲಾಗುತ್ತಿದ್ದಂತೆ ಚೀಸ್‌ಗೆ ಬೆಳ್ಳುಳ್ಳಿ ನಾತದ ಆ ವಿಷದ ಪುಡಿ ತುಂಬಿ, ತಟ್ಟೆಯನ್ನು ಅದೇ ಜಾಗದಲ್ಲಿಟ್ಟು, ಕೈಯನ್ನು ಮೂರು ಸಲ ಸೋಪಿನಲ್ಲಿ ತೊಳೆದುಕೊಂಡೆ.

ಊಟದ ಹೊತ್ತಿಗೆ ಯಜಮಾನರು ಬಂದರು. ಕೈಯಲ್ಲಿ ಪ್ಲಾಸ್ಟರಿನ ಎರಡು ಅಚ್ಚು. ಚಪ್ಪಲಿಯನ್ನೂ ಬಿಡದೆ ಮೇಜಿನ ಮುಂದೆ ಕೂತರು.

"ಚೀಸ್ ತಿಂದಿರೋದು ಎರಡು ಪ್ರಾಣಿ. ಒಂದಕ್ಕೆ ಸೂಜಿಯಂಥ ಸಣ್ಣ ಹಲ್ಲು. ಅದರ ಪರಿಚಯ ನನಗಿಲ್ಲ."

"ಇನ್ನೊಂದು?"

"ಇನ್ನೊಂದರ ಪರಿಚಯ ಇದೆ." ಅವರು ಎರಡನೆಯ ಅಚ್ಚನ್ನು ನನ್ನ ಕಡೆ ತಿರುಗಿಸಿದರು. "ಮುಂದಿನ ಎರಡು ಹಲ್ಲಿನ ನಡುವೆ ಸಂದಿ ನೋಡು. ಈ ಹಲ್ಲು ಮಾಡಿದ್ದು ನಾನೇ ಕಣೇ."

ಒಂಟಿಕಾಲಿನ ಪ್ರಾಣಿ ಯಾವುದೆಂದು ನನಗೆ ಆ ಕ್ಷಣ ಹೊಳೆಯಿತು. ಕೋಲಿನ ತುದಿ! ಅತ್ತೆಯ ಕೋಣೆಯ ಕಡೆ ತಿರುಗಿದೆ. ಹಾಸಿಗೆ ಖಾಲಿ. ಮೂಲೆಯಲ್ಲಿ ಕೋಲಿಲ್ಲ. ಹಿಂಬಾಗಿಲು ತೆರೆದಿತ್ತು.

ನಾನು ಓಡಿದ ಓಟಕ್ಕೆ ಯಾರಾದರೂ ಗಡಿಯಾರ ಹಿಡಿದಿದ್ದರೆ ಪದಕ ಖಾತ್ರಿಯಿತ್ತು. ನಾಳೆ ಪೇಪರಿನಲ್ಲಿ ಬರಬಹುದಾದ ಸುದ್ದಿ ಕಣ್ಣ ಮುಂದೆ ದಪ್ಪಕ್ಷರದಲ್ಲಿ ಓಡುತ್ತಿತ್ತು: ಅತ್ತೆಗೆ ವಿಷವಿಟ್ಟ ಸೊಸೆ. ಅದರ ಕೆಳಗೆ ನನ್ನ ಫೋಟೋ, ಅದೂ ರೇಷನ್ ಕಾರ್ಡಿನದು.

ಅತ್ತೆ ಹುಲ್ಲಿನಂಚಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ತಟ್ಟೆ ತೊಡೆಯ ಮೇಲಿತ್ತು. ಚೀಸ್ ಕೈಯಲ್ಲಿತ್ತು.

"ಅತ್ತೆ, ತಿಂದ್ರಾ?"

"ಎಲ್ಲಿ ತಿನ್ನೋದು? ಇದು ಯಾವ ಅಂಗಡಿದು? ಬೆಳ್ಳುಳ್ಳಿ ವಾಸನೆ. ನಿನ್ನೆನೂ ಮೊದಲ ತುತ್ತು ಅವನಿಗೇ ಹಾಕಿದ್ದು. ಇವತ್ತು ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋದ. ಅವನು ಬೇಡ ಅಂದಿದ್ದು ನನಗೂ ಬೇಡ."

ಅವನು ಬೆಂಚಿನ ಕೆಳಗಿದ್ದ. ಟಾರ್ಚ್ ಬಿಟ್ಟು ನೋಡಿದೆ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಮೈತುಂಬ ಮುಳ್ಳು, ಚೂಪು ಮೂತಿ. ಬೆಳಕು ಬಿದ್ದೊಡನೆ ಮುದುಡಿ ಚೆಂಡಾಯಿತು. ಮುಳ್ಳಿಲಿ! ಇಡೀ ವಾರ ನನ್ನನ್ನು ಗಂಬೂಟಿನಲ್ಲಿ ಕುಣಿಸಿದ ಕಾಡುಹಂದಿ, ಹಾರುವ ನಾಯಿ ಎಲ್ಲವೂ ಇದೇ.

ನಾನು ತಟ್ಟೆ ಕಿತ್ತುಕೊಂಡೆ. ಅಲ್ಲೇ ಹುಲ್ಲಿನ ಮೇಲೆ ಕುಸಿದು, ಚೀಸ್‌ನಲ್ಲಿ ಏನಿತ್ತೆಂದು ಹೇಳಿಬಿಟ್ಟೆ. ಹೇಳದೆ ಮುಚ್ಚಿಟ್ಟಿದ್ದರೆ ನಾಳೆ ಪ್ರಾರ್ಥನೆಗೆ ಕೂರಲು ನನ್ನಿಂದಾಗುತ್ತಿರಲಿಲ್ಲ. ಯಜಮಾನರು ಬಾಗಿಲಲ್ಲೇ ನಿಂತರು. ಅತ್ತೆ ಕೈಯಲ್ಲಿದ್ದ ಚೀಸನ್ನು ನನ್ನ ಕೈಯ ತಟ್ಟೆಗೆ ಹಾಕಿದರು. ಆಮೇಲೆ ಬಂದದ್ದು ಅತ್ತೆಯ ದನಿಯಲ್ಲ, ಮೇಟ್ರನ್ ದನಿ.

"ಯಾವ ರೋಗಿಗೆ ಕೊಡ್ತಿದ್ದೀಯ ಅಂತ ನೋಡದೆ ಔಷಧಿ ಕೊಡಬಾರದು. ಮೊದಲನೇ ದಿನ ಕಲಿಸೋ ಪಾಠ ಇದು."

ಮೊದಲು ತಮ್ಮ ಕೈ ತೊಳೆದು, ನನ್ನ ಕೈಯನ್ನೂ ತೊಳೆಸಿದರು. ಮಗನಿಂದ ತಟ್ಟೆ ಸಮೇತ ಎಲ್ಲವನ್ನೂ ಕಟ್ಟಿಸಿ ಬೀಗ ಹಾಕಿಸಿದರು. ಆಮೇಲೆ ಕೋಲಿನ ತುದಿಯಿಂದ ಒಂದು ಗುಂಡಿಯ ಪಕ್ಕದ ಹುಲ್ಲನ್ನು ಮೀಟಿದರು. ಅದು ಚಾಪೆಯ ಹಾಗೆ ಎದ್ದಿತು. ಕೆಳಗೆ ಬೆರಳು ಗಾತ್ರದ ಬಿಳಿ ಹುಳುಗಳು ಸುರುಳಿ ಸುತ್ತಿ ಮಲಗಿದ್ದವು. ಬೇರನ್ನೆಲ್ಲ ತಿಂದು ಮುಗಿಸಿದ್ದು ಇವು, ಇವನ್ನು ತಿನ್ನಲು ಅವನು ಬರುವುದು ಎಂದರು. ಹುಳು ಬಂದದ್ದು ಎಲ್ಲಿಂದ? ಎರಡು ತಿಂಗಳ ಹಿಂದೆ, ಇನ್ನೂ ಕೊಳೆತಿಲ್ಲ, ಹಾಕಬೇಡ ಎಂದು ಅವರು ಹೇಳುತ್ತಿದ್ದರೂ ಕೇಳದೆ, ಗೊಬ್ಬರದಂಗಡಿಯವನ ಮಾತು ನಂಬಿ ನಾನು ಎರಚಿದ ಗೊಬ್ಬರದಿಂದ.

"ಇದೆಲ್ಲ ನಿಮಗೆ ಗೊತ್ತಿತ್ತಾ? ಹೇಳಬಾರದಿತ್ತಾ ಅತ್ತೆ?"

"ಮೂವತ್ತು ವರ್ಷ ನೈಟ್ ಡ್ಯೂಟಿ ಮಾಡಿದವಳಿಗೆ ರಾತ್ರಿ ನಿದ್ದೆ ಎಲ್ಲಿಂದ ಬರುತ್ತೆ? ಕಿಟಕಿಯಿಂದ ಎಲ್ಲ ನೋಡ್ತಾನೇ ಇದ್ದೆ, ಆಗಾಗ ಇಲ್ಲಿಗೂ ಬಂದು ಕೂರ್ತಿದ್ದೆ. ಸೋಮವಾರ ಹೇಳೋಕೆ ಬಂದೆ. ನೀನು ಬೇಡ ಅಂದೆ. ಆಮೇಲೆ ಚೀಸ್ ಬಂತು. ನಾನ್ಯಾಕೆ ಬಾಯಿ ಬಿಡಲಿ?"

ಇಡೀ ಬೀದಿಯ ಮಾತನ್ನು ತಾಳ್ಮೆಯಿಂದ ಕೇಳಿದ ನಾನು, ಕಿಟಕಿಯ ಹಿಂದೆ ಕೂತು ಎಲ್ಲವನ್ನೂ ಕಂಡವರನ್ನು ಮಾತ್ರ ಕೇಳಿರಲಿಲ್ಲ. ದೇವರಲ್ಲಿ ಸೂಚನೆ ಬೇಡಿದ್ದೆನಲ್ಲ, ಅವನು ಪ್ಲಾಸ್ಟರಿನಲ್ಲೇ ಅಚ್ಚು ಹಾಕಿಸಿ ಕಳಿಸಿದ್ದ.

ಭಾನುವಾರ ನಾಲ್ವರು ನರ್ಸುಗಳೂ ಬಂದರು. ಗುಂಡಿಗಳ ನಡುವೆ ಸಮತಟ್ಟು ಜಾಗ ಹುಡುಕಿ ಕುರ್ಚಿ ಹಾಕಲು ನಾನೂ ಯಜಮಾನರೂ ಅರ್ಧ ಗಂಟೆ ಒದ್ದಾಡಿದೆವು. ಹಿಟ್ಟಿನ ಕಲೆ, ಪ್ಲಾಸ್ಟರಿನ ಚೂರು, ಗಂಬೂಟಿನ ಹಿಮ್ಮಡಿಯ ತಗ್ಗು ಎಲ್ಲವೂ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿದ್ದವು. ನಾನು ತಲೆ ತಗ್ಗಿಸಿ ಚಹಾ ಬಗ್ಗಿಸುತ್ತಿದ್ದೆ. ಅವರಲ್ಲಿ ದಪ್ಪಗಿದ್ದವರು ಸುತ್ತ ಕಣ್ಣಾಡಿಸಿ, ಅಲ್ಲ ಮೇಟ್ರನ್ ಅಕ್ಕ, ಏನಿದು ಅವಸ್ಥೆ, ರಾತ್ರಿ ಏನಾದರೂ ಪ್ರಾಣಿ ಬರುತ್ತಾ ಎಂದು ಕೇಳಿಯೇಬಿಟ್ಟರು.

ಅತ್ತೆ ನಿಧಾನವಾಗಿ ಒಂದು ಗುಟುಕು ಚಹಾ ಕುಡಿದರು. ಮುಂದಿನ ಹಲ್ಲಿನ ಸಂದಿ ಕಾಣುವ ಹಾಗೆ ನಕ್ಕರು.

"ಎರಡು ಬರುತ್ತೆ. ಒಂದು ಇಷ್ಟೇ ಇಷ್ಟು, ಮೈಮೇಲೆ ಮುಳ್ಳಿದೆ. ಪಾಪ, ನಾಲ್ಕಾರು ಗುಂಡಿ ತೋಡಿ ತನ್ನ ಪಾಡಿಗೆ ಹೋಗುತ್ತೆ. ಇನ್ನೊಂದು ದೊಡ್ಡದು, ಗಂಬೂಟ್ ಹಾಕಿರುತ್ತೆ, ಕೈಯಲ್ಲಿ ಟಾರ್ಚ್ ಇರುತ್ತೆ. ಲಾನ್ ಹಾಳು ಮಾಡಿದ್ದು ಅದು."