ಚಿತ್ರದ ಕುರಿಮರಿಗೆ ನಾನೇ ಬಾಯಿ

ಬೇರೆಯವರ ಬಾಳಿನಲ್ಲಿ ವರ್ಷಕ್ಕೊಂದು ನಗುವಂಥ ಸಂಗತಿ ನಡೆದರೆ ಹೆಚ್ಚು. ನನಗೆ ಹಾಗಲ್ಲ. ನಾನು ಬಾಯಿ ತೆರೆದ ಕಡೆಯೆಲ್ಲ ಒಂದಲ್ಲ ಒಂದು ನಡೆದೇ ತೀರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ನಡೆಯುವುದಿಲ್ಲವಲ್ಲ ಎನ್ನುವವರಿದ್ದಾರೆ. ಗೊತ್ತಿಲ್ಲ, ಅದನ್ನು ನಾನಿನ್ನೂ ಮಾಡಿ ನೋಡಿಲ್ಲ.

ರಾಜ್ಯ ಒಂದಾದ ಮರುವರ್ಷದ ಮಾತು. ಶಿಕಾರಿಪುರದ ಸಂತೆ ಬಯಲಿನಲ್ಲಿ ಒಂದು ಟೆಂಟ್ ಸಿನಿಮಾ ಬೀಡುಬಿಟ್ಟಿತ್ತು. ಹುಬ್ಬಳ್ಳಿಯಿಂದ ಪೌರಾಣಿಕ ಚಿತ್ರದ ಪೆಟ್ಟಿಗೆ ಬರಬೇಕಿತ್ತು. ಬಸ್ಸಿನಿಂದ ಇಳಿದ ಪೆಟ್ಟಿಗೆ ತೆರೆದರೆ ದೇವರೂ ಇಲ್ಲ, ರಾಕ್ಷಸರೂ ಇಲ್ಲ, ಬರೀ ಕುರಿ. ಅದೂ ನಿಜವಾದ ಕುರಿಯಲ್ಲ, ಬಿಳಿ ಜನ ಕೈಯಲ್ಲಿ ಬರೆದು ಓಡಾಡಿಸಿದ ಚಿತ್ರದ ಕುರಿ. ಹಳೇ ಚಿತ್ರ, ಹೆಚ್ಚು ಕಡಿಮೆ ನನ್ನ ವಯಸ್ಸಿನದು. ಕಥೆ ಇಷ್ಟೆ: ಒಂದು ಮರಿ ಹುಟ್ಟುತ್ತದೆ. ಅದರ ತಾಯಿಯನ್ನು ಯಾರೋ ಗಾಡಿಗೆ ಹೇರಿಕೊಂಡು ಹೋಗುತ್ತಾರೆ. ತಬ್ಬಲಿ ಮರಿ ಕಂಡಕಂಡವರಿಂದ ಗುದ್ದಿಸಿಕೊಳ್ಳುತ್ತ ಬೆಳೆದು, ಕೊನೆಗೆ ಮಂದೆಯ ದೊಡ್ಡ ಟಗರನ್ನೇ ಕೆಡವಿ ಯಜಮಾನನಾಗುತ್ತದೆ. ಮಾತೆಲ್ಲ ಇಂಗ್ಲಿಷು.

ಟೆಂಟಿನ ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನಾನು ತೊಗರ್ಸಿ ಕಡೆಯವನು, ಕುರಿ ಸಾಕುವ ಮನೆಯವನು, ಮಿಡ್ಲ್ ಸ್ಕೂಲ್ ಪಾಸಾದವನು. "ಮೈಕು ಕೊಡ್ರಿ, ನಾನು ಕನ್ನಡದಾಗೆ ಹೇಳ್ತೀನಿ" ಎಂದೆ.

"ಇಂಗ್ಲಿಷ್ ಬರ್ತೈತೇನೋ?"

"ಕುರಿಗೆ ಬರೋವಷ್ಟು ನನಗೂ ಬರ್ತೈತ್ರೀ."

ಮಾಲೀಕರು ಕರಾರು ಹಾಕಿದರು: "ಇಲ್ಲಿ ಒಂದು ವಾರ, ಸೊರಬದಾಗೆ ಒಂದು ವಾರ. ಜನ ಕೂತ್ರೆ ಮೈಕು ಕಾಯಂ ನಿಂದು. ಅವರು ಎದ್ದು ಹೋದ್ರೆ ನೀನೂ ಎದ್ದು ಹೋಗು, ನಿನ್ ಕುರಿ ಹಿಂದೆ."

ಮನೆಯಲ್ಲಿ ಅಪ್ಪನಿಗೆ ಆಗಲೇ ಎದೆ ಉಬ್ಬಿಸಿ ಹೇಳಿ ಬಂದಿದ್ದೆ, ಇನ್ನು ಈ ಜನ್ಮದಲ್ಲಿ ಕುರಿಯ ಹಿಂದೆ ಹೋಗುವವನಲ್ಲ ಅಂತ. ಅಪ್ಪ ಬೀಡಿ ಹಚ್ಚಿಕೊಂಡು, "ಹೋಗು, ಬರ್ತೀಯಲ್ಲ" ಎಂದಿದ್ದ, ಅಷ್ಟೆ. ಆ "ಬರ್ತೀಯಲ್ಲ" ಒಂದನ್ನು ಸುಳ್ಳು ಮಾಡಬೇಕಿತ್ತು.

೧. ಉಪ್ಪಿನ ಉಪಕಾರ

ಮೊದಲ ದಿನ ಅರ್ಧ ಟೆಂಟು. ತಬ್ಬಲಿ ಮರಿ ಇನ್ನೊಂದು ಕುರಿಯ ಹತ್ತಿರ ಹೋಗುತ್ತದೆ, ಅದು ಗುದ್ದಿ ಓಡಿಸುತ್ತದೆ. ನಾನು ನಾಟಕದ ಧಾಟಿಯಲ್ಲಿ, "ಹಾ ವಿಧಿಯೇ! ಈ ಶಿಶುವಿನ ಮೇಲೆ ನಿನಗೇಕೆ ಮುನಿಸು?" ಎಂದು ಗಂಟಲು ನಡುಗಿಸಿದೆ. ಅಂಥ ನಡುಕ ಶಿಕಾರಿಪುರ ಅದಕ್ಕೆ ಮೊದಲು ಕೇಳಿರಲಿಲ್ಲ.

ನೆಲದಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತಳು. "ಏ ತಮ್ಮಾ, ಮೈಕಿನವನೇ, ಅಳಬ್ಯಾಡ. ಮರಿ ಬೆನ್ನಿಗೆ ಉಪ್ಪು ಸವರು. ಆ ಕುರಿ ನೆಕ್ಕತೈತಿ, ಆಮ್ಯಾಲೆ ತಾನೇ ಮೊಲಿ ಕೊಡತೈತಿ."

ತಬ್ಬಲಿ ಮರಿಗೆ ನಮ್ಮ ಹಟ್ಟಿಗಳಲ್ಲಿ ಮಾಡುವುದೂ ಹಾಗೇ. ಆದರೂ ಹೇಳಿದೆ: "ಅಜ್ಜಿ, ಅದು ಬರೆದ ಚಿತ್ರ."

"ಚಿತ್ರ ಆದ್ರೆ ಹಸಿವು ಆಗಾಂಗಿಲ್ಲೇನು?"

ಮರುದಿನ ಅಜ್ಜಿ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡೇ ಬಂದಳು. ಚಿತ್ರ ಬಿಡುವ ಮಿಷನ್ನು ಇದ್ದುದು ಒಂದೇ. ರೀಲು ಬದಲಿಸಲು ದೀಪ ಹಾಕಿದಾಗ ನೆಟ್ಟಗೆ ಪರದೆಯ ಹತ್ತಿರ ಹೋಗಿ ಉಪ್ಪನ್ನು ಚೊಂಬಿನ ನೀರಲ್ಲಿ ಕಲಸಿ ಕೈತುಂಬ ಎರಚಿದಳು. ಮುಂದಿನ ರೀಲಿನಲ್ಲಿ, ಕಥೆಯಲ್ಲಿ ಇದ್ದ ಹಾಗೆಯೇ, ಇನ್ನೊಂದು ಮುದಿ ಕುರಿ ಮರಿಯನ್ನು ಹತ್ತಿರ ಸೇರಿಸಿತು. ಟೆಂಟಿಗೆ ಟೆಂಟೇ ಚಪ್ಪಾಳೆ! ಅಲ್ಲಿಂದ ದಿನಾ ನಾಲ್ಕೈದು ಹೆಂಗಸರು ಉಪ್ಪು ತಂದರು, ಜೊತೆಗೆ ಮನೆ ಮಂದಿಯನ್ನೂ ತಂದರು. ಮಾಲೀಕರು ಹಿಗ್ಗಿದ್ದೇ ಹಿಗ್ಗಿದ್ದು.

ನಾಲ್ಕನೆಯ ದಿನ ಬೆಳಿಗ್ಗೆ ಟೆಂಟಿನೊಳಗೆ ಇಣುಕಿದರೆ, ಊರ ಬೀಡಾಡಿ ಹಸುವೊಂದು ಕಣ್ಣು ಮುಚ್ಚಿಕೊಂಡು ಪರದೆ ನೆಕ್ಕುತ್ತ ನಿಂತಿತ್ತು.

೨. ಮೊದಲು ಕೊಂಬು, ಆಮೇಲೆ ಮರಿ

ನಮ್ಮ ಆಪರೇಟರನಿಗೆ ಎಲೆ ಅಡಿಕೆ ಹಾಕಿದರೆ ಲೋಕದ ಮೇಲೆ ನಿಗಾ ಇರುತ್ತಿರಲಿಲ್ಲ. ಒಂದು ದಿನ ಟಗರು ಗೆಲ್ಲುವ ಕೊನೆಯ ರೀಲನ್ನು ನಡುವೆಯೇ ಹಾಕಿಬಿಟ್ಟ. ಟಗರು ಗೆದ್ದು ಬೀಗಿತು. ಮುಂದಿನ ರೀಲು ಹಾಕಿದರೆ ಮತ್ತೆ ಪುಟ್ಟ ಮರಿ ಕುಣಿಯುತ್ತ ಬಂತು.

"ಏನ್ರೀ ಇದು, ಕೊಂಬು ಎಲ್ಲಿ ಹೋತು?" ಎಂದು ಬೆಂಚಿನಿಂದ ಒಬ್ಬರು ಕೂಗಿದರು. ಬೇರೆಯವನಾಗಿದ್ದರೆ ಮೈಕು ಬಿಸಾಕಿ ಓಡುತ್ತಿದ್ದ. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, "ಮಹಾಜನರೇ, ನಮ್ಮ ಟಗರಿಗೆ ಸಂಸಾರವಾಗಿ ವರ್ಷ ಕಳೆಯಿತು. ಇಗೋ ಬಂದ ಅವನ ಮಗ! ಥೇಟು ಅಪ್ಪನ ಮೂಗು!" ಎಂದೆ. ಜನಕ್ಕೆ ಎಷ್ಟು ಖುಷಿಯಾಯಿತೆಂದರೆ, ಒಬ್ಬಾಕೆ ಕೂತಲ್ಲೇ ಮರಿಗೆ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಮಾರನೆಯ ದಿನ ಮಾಲೀಕರು ಪಕ್ಕದಲ್ಲೇ ನಿಂತು ರೀಲುಗಳನ್ನು ಸರಿಯಾಗಿ ಹಾಕಿಸಿದರು. ಚಿತ್ರ ಮುಗಿಯಿತು, ಜನ ಏಳಲೇ ಇಲ್ಲ.

"ಮಗ ಎಲ್ಲಿ?"

"ನಿನ್ನೆ ಮಗ ಇದ್ದ. ಇವತ್ತು ಕತ್ತರಿಸೀರಿ!"

ಒಬ್ಬ ಗೌಡರಂತೂ ಕೋಲು ನೆಲಕ್ಕೆ ಕುಟ್ಟಿ, "ಮಗ ಹುಟ್ಯಾನ ಅಂತ ಮನಿಯವರನ್ನ ಗಾಡಿ ಕಟ್ಟಿಸಿ ಕರಕೊಂಡು ಬಂದೀನಿ. ಅವರ ಎದುರಿಗೆ ನನ್ನ ಮಾತು ಸುಳ್ಳು ಮಾಡ್ತೀರೇನ್ರೀ?" ಎಂದರು.

ತಪ್ಪು ಮಾಡಿ ಬೈಸಿಕೊಂಡವರು ಊರಿಗೆ ನೂರು ಜನ ಸಿಗುತ್ತಾರೆ. ಸರಿ ಮಾಡಿ ಬೈಸಿಕೊಂಡು, ಮರುದಿನದಿಂದ ಮಾಲೀಕರ ಅಪ್ಪಣೆ ಪಡೆದು ತಪ್ಪು ಮಾಡಿದವನು ನಮ್ಮ ಆಪರೇಟರ್ ಒಬ್ಬನೇ.

೩. ಸೋಲುವವನ ಕಡೆಯವನು

ನಮ್ಮ ಸೀಮೆಯಲ್ಲಿ ಟಗರಿನ ಕಾಳಗವೆಂದರೆ ಊಟ ಬಿಟ್ಟು ಬರುವವರಿದ್ದಾರೆ. ಅಂಥವನೊಬ್ಬ, ದಪ್ಪ ಮೀಸೆಯವನು, ದಿನವೂ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಕಾಳಗದ ರೀಲು ಬಂದ ಕೂಡಲೇ ಪಕ್ಕದವನ ಜೊತೆ ಬಾಜಿ ಕಟ್ಟುವನು: "ದೊಡ್ಡ ಟಗರು ಗೆದ್ರೆ ನೀನು ಮಂಡಕ್ಕಿ ಮೆಣಸಿನಕಾಯಿ ಕೊಡಿಸು. ಸಣ್ಣದು ಗೆದ್ರೆ ನಾನು." ದಿನಾ ಸಣ್ಣದೇ ಗೆಲ್ಲುತ್ತಿತ್ತು. ದಿನಾ ಇವನೇ ಕೊಡಿಸುತ್ತಿದ್ದ.

ಆರನೆಯ ದಿನ ನನಗೇ ಅಯ್ಯೋ ಅನ್ನಿಸಿ ಕೇಳಿದೆ: "ಅಣ್ಣಾ, ಐದು ದಿನ ನೋಡೀಯಲ್ಲ, ಆದರೂ ದೊಡ್ಡದರ ಮೇಲೇ ಕಟ್ಟತೀಯಲ್ಲ?"

ನನ್ನನ್ನು ಕೂಸನ್ನು ನೋಡಿದ ಹಾಗೆ ನೋಡಿದ. "ಐದು ದಿನ ನೋಡೀನಿ ಅಂತಲೇ ಕಟ್ಟೋದು. ದಿನಾ ಎರಡೆರಡು ಆಟ ಗುದ್ದಿ ಗುದ್ದಿ ಸಣ್ಣದಕ್ಕೆ ಸುಸ್ತಾಗಿರಾಂಗಿಲ್ಲೇನು?"

ಆ ದಿನವೂ ಸೋತ. ಮೆಣಸಿನಕಾಯಿ ಕೊಡಿಸಿ, ಬಾಯಿ ಒರೆಸಿಕೊಂಡು ಮಾಲೀಕರ ಹತ್ತಿರ ಹೋಗಿ ಗದರಿದ: "ಏನ್ರೀ, ದೊಡ್ಡ ಟಗರಿಗೆ ಹುರುಳಿ ಹಾಕ್ತಿಲ್ಲ ನೀವು!"

೪. ಸೊರಬದಲ್ಲಿ ನನ್ನ ಕೊನೆಯ ಆಟ

ಶಿಕಾರಿಪುರದ ವಾರ ಗೆದ್ದೆ. ಸೊರಬಕ್ಕೆ ಹೋಗುವಾಗ ಬಸ್ಸಿನಲ್ಲಿ ನಾನು ಕೂತ ಭಂಗಿಗೆ ಕಂಡಕ್ಟರು ಟಿಕೆಟ್ ಕೇಳಲು ಹೆದರಿದ್ದ. ಆದರೆ ಸೊರಬದ ಕಡೆ ಭತ್ತದ ಗದ್ದೆ, ದನ ಕರು. ಕುರಿಯ ವಿಚಾರ ಅವರಿಗೆ ಹೊಸದು. ಸುಮ್ಮನೆ ಕೂತು ನೋಡುವ ಜನವಲ್ಲ, ಮಾತು ಮಾತಿಗೆ ಪ್ರಶ್ನೆ. ಇನ್ನು ನಾನೋ, ಕುರಿ ಕಾಯುತ್ತಿದ್ದ ಕಾಲದಲ್ಲಿ ಮರದ ನೆರಳು ಕಂಡಲ್ಲಿ ಮಲಗಿದವನು.

ಹೇಗೋ ಆರು ದಿನ ದೂಡಿದೆ. ಏಳನೆಯ ದಿನದ ಕೊನೆಯ ಆಟ ಒಂದು ಉಳಿದಿತ್ತು. ಮರಿ ಹಾಲು ಕುಡಿಯುವ ಚಿತ್ರ ಬಂತು.

"ಅದೆಂತಕ್ಕೆ ಮಾರಾಯ, ಆ ಮರಿ ಕೆಚ್ಚಲಿಗೆ ಹಂಗೆ ಗುದ್ದುದು?" ಎಂದು ಒಬ್ಬರು ಕೇಳಿದರು.

"ತಾಯಿಯ ಮೇಲೆ ಸಿಟ್ಟು!" ಎಂದೆ.

"ಸಿಟ್ಟಾದ್ರೆ ಬಾಲ ಎಂತಕ್ಕೆ ಕುಣಿಸ್ತದೆ?"

"ಅದು... ಸಿಟ್ಟು ಬಾಲಕ್ಕೂ ಏರಿದೆ!"

"ಏಳ್ರೋ, ಇವಂಗೇ ಗೊತ್ತಿಲ್ಲ" ಎಂದರು ಅವರು. ಎರಡು ಸಾಲು ಜನ ಪಂಚೆ ಕೊಡವಿಕೊಂಡು ಎದ್ದೇ ಬಿಟ್ಟರು. ಮಾಲೀಕರು ನನ್ನ ಕಡೆ ಒಂದು ನೋಟ ಬೀರಿದರು.

ಆಗ ಹಿಂದಿನಿಂದ ಒಂದು ದನಿ: "ಸಿಟ್ಟೂ ಅಲ್ಲ, ಸೆಡವೂ ಅಲ್ಲ. ಗುದ್ದಿದ್ರೆ ಹಾಲು ಇಳೀತೈತೆ. ಹಾಲು ಬಾಯಿಗೆ ಬಿದ್ರೆ ಬಾಲ ಕುಣೀತೈತೆ. ಕೂತ್ಕಳ್ರಪ್ಪಾ."

ಕಂಬಳಿ ಹೊದ್ದು ನಿಂತವನು ನನ್ನ ಅಪ್ಪ! ಕೊಯ್ಲಾದ ಗದ್ದೆಗೆ ಗೊಬ್ಬರ ಆಗಲಿ ಎಂದು ಅಲ್ಲೇ ಸೊರಬದ ಹತ್ತಿರದ ಉಳವಿ ಕಡೆಯವರು ಅವನ ಮಂದೆಯನ್ನು ಕರೆಸಿಕೊಂಡಿದ್ದರಂತೆ. ಮಗನ ಪ್ರತಾಪ ನೋಡಿ ಹೋಗೋಣ ಅಂತ ಬಂದಿದ್ದಾನೆ.

ಎದ್ದವರು ಕೂತರು. ಒಬ್ಬರು ಮರಿಯ ವಯಸ್ಸು ಕೇಳಿದರು. ಅಪ್ಪ, "ಇನ್ನೂ ಹಾಲುಹಲ್ಲು. ಅವು ಬಿದ್ದು ಎರಡು ದೊಡ್ಡ ಹಲ್ಲು ಬರಲಿ, ಆಗ ನೋಡ್ರಿ ಇವನ ಗತ್ತು" ಎಂದ. ಮಾಲೀಕರು ಮೆಲ್ಲಗೆ ಬಂದು ನನ್ನ ಕೈಯಿಂದ ಮೈಕು ಕಿತ್ತು ಅಪ್ಪನ ಬಾಯಿಗೆ ಹಿಡಿದರು. ತಾಯಿ ಕುರಿಯನ್ನು ಗಾಡಿಗೆ ಹೇರುವ ಕಡೆ ನಾನು ದಿನಾ ಒಂದು ಪುಟ ವಿಧಿಯನ್ನು ಬೈಯುತ್ತಿದ್ದೆ, ಒಬ್ಬರೂ ಅತ್ತಿರಲಿಲ್ಲ. ಅಪ್ಪ, "ಹೋತು. ಸಂತೆಗೆ ಹೋತು" ಎಂದ, ಅಷ್ಟೆ. ಟೆಂಟಿನ ತುಂಬ ಮೂಗು ಒರೆಸುವ ಸದ್ದು.

ಆಟ ಮುಗಿದ ಮೇಲೆ ಜನ ಅಪ್ಪನನ್ನು ಸುತ್ತುವರಿದರು. ನಾಳೆಯೂ ಇದೇ ಚಿತ್ರ ಹಾಕಿ, ಇವರೇ ಹೇಳಲಿ ಎಂದು ಗಲಾಟೆ. ಮಾಲೀಕರು ಜನರನ್ನು ಸರಿಸಿ ಒಳಗೆ ಬಂದು ಕೈಮುಗಿದರು. ಅವನು ನನ್ನ ಅಪ್ಪ ಎಂದು ಅವರಿಗೇನು ಗೊತ್ತು?

"ಯಜಮಾನ್ರೇ, ಕಾಯಂ ಕೆಲಸ. ಊರೂರು ತಿರುಗಾಟ, ಹೊತ್ತಿಗೆ ಸರಿಯಾಗಿ ಊಟ. ಇಲ್ಲ ಅನ್ಬ್ಯಾಡ್ರಿ."

ಅಪ್ಪ ಪೇಟದೊಳಗೆ ಬೆರಳು ಹಾಕಿ ತಲೆ ಕೆರೆದುಕೊಂಡ. "ಬರಬೌದು. ನನ್ನ ಮಂದೆ ಕಾಯೋರು ಯಾರು?"

"ಅಯ್ಯೋ, ಅದಕ್ಕೆ ಚಿಂತೆ ಯಾಕ್ರೀ!" ಮಾಲೀಕರು ನನ್ನ ರಟ್ಟೆ ಹಿಡಿದು ಮುಂದಕ್ಕೆ ನೂಕಿದರು. "ಇಗೋ, ಈ ಹುಡುಗನ್ನ ಇಟ್ಕಳ್ರಿ. ಕುರಿ ಮನೆಯವನೇ. ಬೇರೆ ಕೆಲಸಕ್ಕಂತೂ ಬರಾಂಗಿಲ್ಲ, ನಾನು ನೋಡೀನಿ."

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸಂತೆಯಲ್ಲಿ ಟಗರು ಕೊಳ್ಳುವವನ ಹಾಗೆ ಒಂದು ಸುತ್ತು ಹಾಕಿ ಬಂದ. ಗದ್ದ ಎತ್ತಿ ಹಲ್ಲೂ ನೋಡಿದ. ಆಮೇಲೆ ಮಾಲೀಕರ ಕಡೆ ತಿರುಗಿ ಗಂಭೀರವಾಗಿ ಹೇಳಿದ:

"ಸೋಮಾರಿ ಇದ್ದಂಗೆ ಕಾಣ್ತಾನೆ. ಹೆತ್ತೋರು ಬುದ್ಧಿ ಕಲಿಸಿಲ್ಲ. ಹೋಗ್ಲಿ, ನಿಮ್ಮ ಮುಖ ನೋಡಿ ಇಟ್ಕಂತೀನಿ."