ರಾಕ್ಷಸನ ಸಾವು ಮತ್ತು ನಾಲ್ಕನೇ ಜ್ವರ

ರಾಕ್ಷಸ ಸಾಯುವುದನ್ನು ಆ ಸಿನಿಮಾದಲ್ಲಿ ಯಾರೂ ನೋಡಿಲ್ಲ. ನೋಡಿದ್ದು ನನ್ನ ಮುಖ. ಅದೂ ನಾನು ಫೋನಿನಲ್ಲಿ ಒತ್ತಬಾರದ್ದನ್ನು ಒತ್ತಿದ್ದರಿಂದ. ನಿಜವಾಗಿ ನಡೆದದ್ದು ಇಷ್ಟೇ, ಉಳಿದದ್ದೆಲ್ಲ ಜನ ಆಮೇಲೆ ಹಚ್ಚಿದ ಬಣ್ಣ. ರಾಮನಗರದಲ್ಲಿ ಸಿನಿಮಾ ತೋರಿಸಿದ ದಿನ ಕನ್ನಡಕದ ಮೇಷ್ಟ್ರೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡು, "ಸಾವನ್ನು ತೋರಿಸದೆ, ಸಾವು ಕಂಡವರ ಕಣ್ಣನ್ನು ತೋರಿಸಿದ್ದೀರಿ ತಾಯಿ" ಎಂದರು. "ಆಯ್ತು ಸ್ವಾಮಿ" ಎಂದೆ. ಹೊಗಳುವವರ ಬಾಯಿಗೆ ಅಡ್ಡ ನಿಲ್ಲುವಷ್ಟು ದಡ್ಡಿ ನಾನಲ್ಲ. ಆದರೆ ಮನೆಗೆ ಬಂದ ಮೇಲೆ ನನ್ನದಲ್ಲದ ಹೊಗಳಿಕೆಯನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೇ ಬರೆದುಬಿಡುತ್ತಿದ್ದೇನೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತದ್ದು. ಒತ್ತು, ದೀರ್ಘ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ಕತೆ ಎಲ್ಲರಿಗೂ ಗೊತ್ತಿರುವುದೇ. ಏಳು ಸಮುದ್ರದ ಆಚೆ ಒಂದು ಮರ, ಮರದಲ್ಲಿ ಗಿಣಿ, ಗಿಣಿಯಲ್ಲಿ ರಾಕ್ಷಸನ ಪ್ರಾಣ. ಅವನು ಒಂದು ಊರಿಗೆ ಊರನ್ನೇ ಮಂತ್ರ ಹಾಕಿ ಮಲಗಿಸಿರುತ್ತಾನೆ. ಗಿಣಿಯ ಕತ್ತು ಮುರಿದರೆ ಅವನು ಸಾಯುತ್ತಾನೆ, ಊರು ಏಳುತ್ತದೆ. ಮೊಮ್ಮಗಳು ಸವಿತಾ ಮಗುವಾಗಿದ್ದಾಗ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಹೆಚ್ಚುತ್ತ ಈ ಕತೆ ಎಷ್ಟು ಸಲ ಹೇಳಿದ್ದೇನೋ. ಅಷ್ಟು ದೊಡ್ಡ ರಾಕ್ಷಸ ಹೋಗಿ ಹೋಗಿ ಪ್ರಾಣವನ್ನು ಒಂದು ಹಕ್ಕಿಯಲ್ಲಿ ಯಾಕಪ್ಪ ಇಟ್ಟ ಎಂದು ನಾನೇ ನಗುತ್ತಿದ್ದೆ. ನನ್ನ ಸೊಸೆ ಜಯಮ್ಮ ಒಂದು ದಿನ, "ನೀವು ಹುಳದ ಮನೇಲಿ ಇಟ್ಟಿಲ್ವಾ ಅತ್ತೆ?" ಎಂದಳು. ಆಮೇಲೆ ನಗುವುದನ್ನು ಬಿಟ್ಟೆ.

ಹುಳ ಎಂದರೆ ರೇಷ್ಮೆ ಹುಳ. ಚನ್ನಪಟ್ಟಣದಿಂದ ಒಳಗೆ ಬರುವ ನಮ್ಮ ಊರಿನಲ್ಲಿ ಮನುಷ್ಯರಿಗೆ ಸೂರು ಸೋರಿದರೂ ಹುಳದ ಮನೆ ಸೋರುವುದಿಲ್ಲ. ಅದರ ಬಾಗಿಲಲ್ಲಿ ನಾನೇ ಕಾನೂನು. ಕಾಲು ತೊಳೆಯದೆ ಬರಬಾರದು. ಹೂವು ಮುಡಿದು ಬರಬಾರದು. ಊದುಬತ್ತಿ, ಒಗ್ಗರಣೆ ಹೊಗೆ, ತಲೆಗೆ ಹಚ್ಚುವ ಪರಿಮಳದೆಣ್ಣೆ, ಮುಖಕ್ಕೆ ಬಳಿಯುವ ಪೌಡರ್ ಯಾವುದೂ ಕೂಡದು. ಹುಳಕ್ಕೆ ವಾಸನೆ ಆಗದು. ಮಾಗಡಿಗೆ ಕೊಟ್ಟ ನನ್ನ ಮಗಳು ಒಮ್ಮೆ ಹಬ್ಬಕ್ಕೆ ಬಂದವಳು ಪೌಡರ್ ಬಳಿದುಕೊಂಡು ಬಾಗಿಲಿಗೆ ಬಂದಳು. "ಆಚೀಕ್ ನಿಂತ್ಕೊ. ನೀನ್ ಮಗಳಾದ್ರೆ ನಂಗೆ, ಹುಳಕ್ಕಲ್ಲ" ಎಂದು ಕಳಿಸಿದೆ. ಅವಳು ಆ ವರ್ಷ ಪೂರ್ತಿ ಮುನಿಸಿಕೊಂಡಿದ್ದಳು. ಗೂಡು ಮಾತ್ರ ಚೆನ್ನಾಗಿ ಬಂತು.

ಸವಿತಾ ಈಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಪೆಟ್ಟಿಗೆಗೆ ಟೇಪು ಅಂಟಿಸುವ ಕೆಲಸ. ಅಲ್ಲಿ ಟೇಪು ಅಂಟಿಸುತ್ತ ಅಂಟಿಸುತ್ತ ಅವಳ ತಲೆಗೆ ಸಿನಿಮಾ ಅಂಟಿತು. ನಾನು ಹೇಳಿದ ಗಿಣಿಯ ಕತೆಯನ್ನೇ ಈ ಕಾಲಕ್ಕೆ ತಂದಳು. ರಾಜಕುಮಾರಿ ಫ್ಯಾಕ್ಟರಿ ಹುಡುಗಿ. ರಾಜಕುಮಾರ ಇಲ್ಲವೇ ಇಲ್ಲ. "ಯಾಕಮ್ಮಿ?" ಎಂದರೆ, "ಕಾಯ್ತಾ ಕೂತ್ರೆ ಶಿಫ್ಟಿಗೆ ಲೇಟಾಯ್ತದೆ ಅಜ್ಜಿ" ಎಂದಳು. ಸಮುದ್ರಕ್ಕೆ ಎಲ್ಲಿ ಹೋಗುವುದು? ಏಳು ಸಮುದ್ರದ ಬದಲು ಏಳು ಬಸ್ಸು. ರಾಜಕುಮಾರಿ ಮಾಗಡಿಯಲ್ಲಿ ಹತ್ತಿ, ರಾಮನಗರದಲ್ಲಿ ಇಳಿದು, ಕನಕಪುರದಲ್ಲಿ ನಿಂತುಕೊಂಡು, ಹೀಗೆ ಬಸ್ಸಿಂದ ಬಸ್ಸಿಗೆ ದಾಟಿ ಗಿಣಿಯನ್ನು ಹುಡುಕುತ್ತಾಳೆ. ಮೊದಲು ನಾನು ನಕ್ಕೆ. ಆಮೇಲೆ ಯೋಚಿಸಿದರೆ ಸರಿಯೇ ಅನ್ನಿಸಿತು. ಸಂತೆಯ ದಿನ ಕನಕಪುರದ ಬಸ್ಸಿನೊಳಗೆ ಬಾಗಿಲಿಂದ ಹಿಂದಿನ ಸೀಟಿಗೆ ಹೋದವಳಿಗೆ ಸಮುದ್ರ ಯಾವ ಲೆಕ್ಕ?

ರಾಜಕುಮಾರಿ ಆದವಳು ಪವಿತ್ರಾ, ಮಾಗಡಿ ಕಡೆಯ ಕಲ್ಯದವಳು, ಸವಿತಾಳ ಪಕ್ಕದ ಮೇಜಿನಲ್ಲಿ ಟೇಪು ಅಂಟಿಸುವವಳು. ಗಿಣಿಯನ್ನು ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರಿಂದ ಮಾಡಿಸಿದರು. ಅವರು ತಿರುಗಣೆಯಲ್ಲಿ ಮರ ಸುತ್ತಿಸಿ ಮಾಡುವವರು, ಅವರ ಕೈಯಲ್ಲಿ ಏನಾದರೂ ಗುಂಡಗೇ ಬರುವುದು. ಹಸಿರು ಅರಗು ಹಾಕಿ, ಕೆಂಪು ಕೊಕ್ಕು ಇಟ್ಟ ಮೇಲೂ ಅದು ಗಿಣಿಗಿಂತ ಬದನೆಕಾಯಿಗೇ ಹತ್ತಿರವಾಗಿತ್ತು. ಕತ್ತೇ ಇಲ್ಲ, ಮುರಿಯುವುದು ಏನನ್ನು? ನಡುವಿಗೆ ಕೊಯ್ಸಿ ಗೋಂದು ಹಚ್ಚಿದರು. ರಾಕ್ಷಸನಾದವನು ನಮ್ಮೂರ ಸಿದ್ದರಾಜು. ಜೆಸಿಬಿ ಓಡಿಸುತ್ತಾನೆ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆ, ಅಂಥ ಆಳು. ಬಾಯಿ ತೆರೆದರೆ ಮಾತ್ರ ಕರುವಿನ ದನಿ. "ಹ್ಹಾ ಹ್ಹಾ, ಮಾನವ ಮಗಳೇ" ಎಂದು ಅವನು ಅಂದರೆ ಒಸಿ ಮಜ್ಜಿಗೆ ಕೇಳಿದ ಹಾಗಿರುತ್ತಿತ್ತು.

ತಿಂಗಳುಗಟ್ಟಲೆ ಭಾನುವಾರ ಭಾನುವಾರ ಸೇರಿ ಎಲ್ಲ ತೆಗೆದರು. ಉಳಿದದ್ದು ಒಂದೇ, ರಾಕ್ಷಸ ಸಾಯುವುದು. ಅಷ್ಟರಲ್ಲಿ ಸಿದ್ದರಾಜುವಿನ ಜೆಸಿಬಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿತು. ಭಾನುವಾರ ಸಂಜೆ ಹೊರಟರೆ ಮತ್ತೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿಲ್ಲ. ರಾಮನಗರದಲ್ಲಿ ಮಕ್ಕಳ ಸಿನಿಮಾ ತೋರಿಸುವ ದಿನ ಬೇರೆ ಹತ್ತಿರ ಬಂದಿತ್ತು. ಸಾಯದ ರಾಕ್ಷಸನನ್ನು ಹಿಡಿದುಕೊಂಡು ಹೋಗುವುದು ಹೇಗೆ? ಜಯಮ್ಮ ಮಗಳಿಗೆ, "ಈ ಸಲ ಮುಗೀದಿದ್ರೆ ಇನ್ ಈ ಮನೇಲಿ ಸಿನಿಮಾ ಅನ್ನೋ ಮಾತು ಬರಂಗಿಲ್ಲ, ಈಗ್ಲೇ ಹೇಳಿವ್ನಿ" ಎಂದುಬಿಟ್ಟಿದ್ದಳು. ಸವಿತಾ ಹೂಂ ಎಂದಿದ್ದಳು. ಆ ಹುಡುಗಿ ಹೂಂ ಎಂದರೆ ಹೂಂ.

ಶನಿವಾರ ಸಂಜೆ ಸವಿತಾ ಸ್ನಾನಕ್ಕೆ ಹೋಗಿದ್ದಳು. ಅವಳ ಫೋನು ಹೊಡೆದುಕೊಂಡಿತು. ಬೆಂಗಳೂರಿನ ಕ್ಯಾಮೆರಾ ಹುಡುಗ. ಕಡೆಯ ಸೀನಿಗೆ ಒಳ್ಳೆಯ ಕ್ಯಾಮೆರಾ ತರುತ್ತೇನೆಂದು ಒಪ್ಪಿಕೊಂಡಿದ್ದವನು. ನಾನೇ ಎತ್ತಿ ಅಲೋ ಎಂದೆ.

"ಅಜ್ಜಿ, ನಾಳೆ ಶೂಟಿಂಗ್ ಪಕ್ಕಾ ಅಲ್ವಾ?"

"ಬಾ ಕಣಪ್ಪ. ಆದ್ರೆ ಮನೆತಾವ ಗದ್ಲ ಮಾಡಂಗಿಲ್ಲ. ಎಲ್ಲಾವ್ಕೂ ನಾಲ್ಕನೇ ಜ್ವರ."

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುವುದು. ನಾಲ್ಕನೇ ಜ್ವರವೇ ಕಡೆಯದು. ಇಷ್ಟು ಗೊತ್ತಿಲ್ಲದವರೂ ಪ್ರಪಂಚದಲ್ಲಿ ಇದ್ದಾರೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

"ಎಲ್ಲರಿಗೂನಾ? ನಾಲ್ಕನೇ ಸಲಾನಾ?" ಅವನ ದನಿ ಸಣ್ಣಗಾಯಿತು.

"ಹೂಂ ಕಣಪ್ಪ. ನೆನ್ನೆಯಿಂದ ಬಾಯಿಗೆ ಏನೂ ಮುಟ್ಟಿಸಿಲ್ಲ. ಒಂದೂ ಅಲ್ಲಾಡ್ತಿಲ್ಲ."

"ಡಾಕ್ಟರ್‌ಗೆ ತೋರಿಸಿದ್ರಾ ಅಜ್ಜಿ?"

"ಇದ್ಕೆಲ್ಲ ಯಾವ ಡಾಕ್ಟ್ರು? ಮೇಲೆ ಒಸಿ ಸುಣ್ಣದ ಪುಡಿ ಉದುರಿಸ್ತೀವಿ. ಎದ್ದವು ಎದ್ದಂಗೆ. ಸತ್ತವ ಆಯ್ಕೊಂಡ್ ಹೋಗಿ ಗುಂಡೀಗ್ ಹಾಕ್ತೀವಿ."

ಪಾಪ, ಹೆದರಿದ್ದಾನೇನೋ ಎಂದು ಧೈರ್ಯ ಹೇಳಿದೆ. "ನೀನೇನ್ ಯೋಚ್ನೆ ಮಾಡ್ಬ್ಯಾಡ. ಪ್ರತಿ ಸಲಾನೂ ಹಿಂಗೇಯ."

ಫೋನು ಇಟ್ಟುಬಿಟ್ಟ. ಮಾತು ಮುಗಿಯಿತು ಎಂದುಕೊಂಡು ನಾನೂ ಇಟ್ಟೆ. ಸವಿತಾಗೆ "ನಿನ್ ಕ್ಯಾಮೆರಾದವ್ನು ಬತ್ತಾನಂತೆ" ಎಂದು ಹೇಳಿದ್ದೂ ನಾನೇ.

ಭಾನುವಾರ ಬೆಳಗ್ಗೆ ಪವಿತ್ರಾ ಬಂದಳು. ಸಿದ್ದರಾಜು ಮೈಗೆಲ್ಲ ಮಸಿ ಬಳಿದುಕೊಂಡು, ತಲೆಗೆ ರಟ್ಟಿನ ಕೋಡು ಕಟ್ಟಿಕೊಂಡು ಕೂತ. ಕ್ಯಾಮೆರಾ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನ ಒಂದು ಮೆಸೇಜು ಬಂತು. ಸವಿತಾ ಜೋರಾಗಿ ಓದಿದಳು. "ನಿಮ್ಮ ಮನೆಯವರೆಲ್ಲ ಬೇಗ ಗುಣವಾಗಲಿ. ದಯವಿಟ್ಟು ಗುಂಡಿಗೆ ಹಾಕುವ ಮೊದಲು ಆಸ್ಪತ್ರೆಗೆ ತೋರಿಸಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೂರಿನ ಕಡೆ ನೋಡಿದೆ.

ಸವಿತಾ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಅನ್ನಬಹುದಿತ್ತು. ಅವಳು ಗುಂಡು ಗಿಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಳು. ಅದನ್ನು ನೋಡಲು ನನಗೆ ಆಗಲಿಲ್ಲ. "ಫೋನಲ್ಲೇ ತೆಗೀರಿ. ಇಷ್ಟು ದಿನ ಅದ್ರಲ್ಲೇ ತಾನೆ ತೆಗ್ದಿದ್ದು? ಸಾಯೋಕೂ ಬೆಂಗ್ಳೂರ್ ಕ್ಯಾಮೆರಾನೇ ಬೇಕಾ?" ಎಂದೆ.

ಹುಳದ ಮನೆಯೊಳಗೆ ತೆಗೆಯಬೇಕೆಂದು ಅವಳ ಆಸೆ. ಅದಕ್ಕೆ ನಾನು ಒಪ್ಪಲಿಲ್ಲ, ಹೊರಗೋಡೆಗೆ ಖಾಲಿ ಚಂದ್ರಿಕೆಗಳನ್ನು ಒರಗಿಸಿಕೊಟ್ಟೆ. ಹುಳ ಗೂಡು ಕಟ್ಟಲು ಬಿಡುವ, ಬಿದಿರಿನ ಸುರುಳಿ ಸುತ್ತಿದ ದೊಡ್ಡ ತಟ್ಟಿಗಳವು. ಸಾಲಾಗಿ ನಿಲ್ಲಿಸಿದರೆ ರಾಕ್ಷಸನ ಕೋಟೆಗೆ ಏನೂ ಕಡಿಮೆಯಿರಲಿಲ್ಲ. ಸೀನಿಗೆ ಹೊಗೆ ಬೇಕು, ಹುಳಕ್ಕೆ ಹೊಗೆ ಆಗದು, ಅದಕ್ಕೆ ಹೊಗೆಯ ಬದಲು ಮೇಲಿಂದ ಉದುರಿಸಲು ಸವಿತಾ ಸುಣ್ಣದ ಪುಡಿ ಹಿಡಿದು ಗೋಡೆ ಹತ್ತಿದಳು. ಜಯಮ್ಮ ಒಳಗೆ ಹುಳ ಕಾಯುತ್ತಿದ್ದಳು. ಫೋನು ಹಿಡಿಯಲು ಉಳಿದವಳು ನಾನೊಬ್ಬಳೇ.

"ಅಜ್ಜಿ, ಕೆಂಪು ಚುಕ್ಕಿ ಒತ್ತು, ಗಟ್ಯಾಗ್ ಹಿಡ್ಕೊ, ಅಷ್ಟೇಯ. ಇನ್ನೇನೂ ಮುಟ್ಬ್ಯಾಡ."

ಮುಟ್ಟಿದೆ. ಯಾವುದೋ ಬಾಣದ ಗುರುತು ಬೆರಳಿಗೆ ಸಿಕ್ಕಿರಬೇಕು. ಫೋನಿನಲ್ಲಿ ನನ್ನ ಮುಖ ಬಂತು. ಮಾಗಡಿಯ ಮಗಳು ವಿಡಿಯೋ ಕಾಲ್ ಮಾಡಿದಾಗಲೂ ನನ್ನ ಮುಖ ನನಗೆ ಕಾಣುತ್ತದೆ, ಇದೂ ಹಾಗೇ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು ಕೆಂಪು ಚುಕ್ಕಿ ಒತ್ತಿದೆ.

ಮುಂದಿನದನ್ನು ನಾನು ಕಣ್ಣಾರೆ ಕಂಡೆ, ಫೋನಿಗೆ ಮಾತ್ರ ಕಾಣಲಿಲ್ಲ. ಪವಿತ್ರಾ ಗಿಣಿ ಎತ್ತಿ, "ಏಳು ಬಸ್ ಹತ್ತಿ ಬಂದಿವ್ನಿ, ಬುಡ್ತೀನಾ ನಿನ್ನ?" ಎಂದು ಕಿರುಚಿದಳು. ಲಟಕ್ ಎಂದು ಗಿಣಿ ಎರಡಾಯಿತು. ಆ ಸಿದ್ದರಾಜು, ಕರುವಿನ ದನಿಯ ಸಿದ್ದರಾಜು, ಎಲ್ಲಿಟ್ಟುಕೊಂಡಿದ್ದನೋ, ಊರು ನಡುಗುವ ಹಾಗೆ ಕೂಗಿಕೊಂಡು ನೆಲಕ್ಕೆ ಬಿದ್ದ. ಬಿದ್ದವನು ಬೇಗ ಸಾಯಲಿಲ್ಲ. ಹೊರಳುತ್ತಾನೆ, ಏಳುತ್ತಾನೆ, ಮತ್ತೆ ಹೊರಳುತ್ತಾನೆ. ನನಗೋ ಒಳಗಿನ ಚಿಂತೆ. ಜ್ವರ ಬಿಟ್ಟೆದ್ದ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. "ಸಾಯ್ಲಾ ಬೇಗ" ಎಂದು ಹಲ್ಲು ಕಚ್ಚಿಕೊಂಡು ಗೊಣಗಿದೆ. ಅವನು ಕಡೆಯ ಸಲ ಕಾಲು ಒದರಿ ಸುಮ್ಮನಾದ. ಅದೇ ಗಳಿಗೆಗೆ ಒಳಗಿಂದ ಜಯಮ್ಮ ಕೂಗಿದಳು. "ಎದ್ವು ಕಣತ್ತೆ! ಎಲ್ಲಾ ಎದ್ವು!"

ಫೋನು ಜಗಲಿಯ ಮೇಲೆ ಹಾಕಿ ಓಡಿದೆ. ಸೊಪ್ಪು ಬಿದ್ದ ಮೇಲೆ ಹುಳ ತಿನ್ನುವ ಸದ್ದು ಕೇಳಬೇಕು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅದು ಕೇಳಿದ ಮೇಲೇ ನನಗೆ ಉಸಿರು. ಹೊರಗೆ ಬರುವಾಗ ಸಿದ್ದರಾಜುವಿನ ಜೆಸಿಬಿ ಊರ ತಿರುವು ದಾಟುತ್ತಿತ್ತು, ತೊಳೆಯದ ಮಸಿ ಮುಖದ ರಾಕ್ಷಸ ಕಿಟಕಿಯಿಂದ ಕೈ ಬೀಸುತ್ತಿದ್ದ. ಸವಿತಾ ಫೋನು ನೋಡುತ್ತ ಕೂತಿದ್ದಳು.

"ಅಜ್ಜಿ, ಇದೇನು?"

"ನಾನೇ ಅಲ್ವೇನಮ್ಮಿ."

"ರಾಕ್ಷಸ ಎಲ್ಲಿ?"

"ಎದುರ್ಗೇ ಇದ್ದ."

ಅಳುತ್ತಾಳೆ ಎಂದುಕೊಂಡೆ. ಅವಳು ಮತ್ತೆ ಹಾಕಿದಳು. ಕೂಗು, ಲಟಕ್, ಹೊರಳಾಟ ಎಲ್ಲ ಕೇಳಿಸುತ್ತದೆ. ಕಾಣುವುದು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಹಲ್ಲು ಕಚ್ಚಿದ ಒಬ್ಬ ಮುದುಕಿ. ಆಮೇಲೆ "ಎಲ್ಲಾ ಎದ್ವು" ಎಂಬ ಕೂಗು. ಮುದುಕಿಯ ಮುಖ ದೀಪ ಹಚ್ಚಿದ ಹಾಗೆ ಅರಳುತ್ತದೆ. ಆಮೇಲೆ ಆಕಾಶ. ಸವಿತಾ ಮೂರನೇ ಸಲ ಹಾಕಿದಾಗ ಅವಳ ಭುಜ ಕುಣಿಯುತ್ತಿತ್ತು. ನಗು. "ಊರು ಎದ್ದೇ ಬುಡ್ತಲ್ಲಜ್ಜಿ" ಎಂದಳು.

ಅದನ್ನು ಹಾಗೇ ಇಟ್ಟಳು. ರಾಮನಗರದ ಸಭೆಯಲ್ಲಿ ನಾನು, ಜಯಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಬದನೆಕಾಯಿ ಗಿಣಿ ಬಂದಾಗ ಮಕ್ಕಳು ನಕ್ಕರು, ಅದು ನಗುವಂಥದೇ. ಕಡೆಯಲ್ಲಿ ಗೋಡೆಯಷ್ಟು ದೊಡ್ಡದಾಗಿ ನನ್ನ ಮುಖ ಬಂತು. ನನ್ನ ಮೂಗು ಅಷ್ಟಗಲ ಇದೆ ಎಂದು ನನಗೂ ಅದೇ ದಿನ ಗೊತ್ತಾದದ್ದು. "ಎದ್ವು ಕಣತ್ತೆ! ಎಲ್ಲಾ ಎದ್ವು!" ಕೂಗು ಬಂದದ್ದೇ ತಡ, ರೇಷ್ಮೆ ಮನೆಗಳಿಂದ ಬಂದವರೆಲ್ಲ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಅವರಿಗೆ ಯಾವುದು ಎದ್ದದ್ದು ಎಂದು ಗೊತ್ತು. ಉಳಿದವರಿಗೆ ಊರು ಎದ್ದಿತು. ಇಬ್ಬರಿಗೂ ಖುಷಿಯೇ. ಕನ್ನಡಕದ ಮೇಷ್ಟ್ರು ಮಾತ್ರ ಮೈಕಿನಲ್ಲಿ, "ಎದ್ದರು ಎನ್ನದೆ ಎದ್ದವು ಎಂದದ್ದು ಗಮನಿಸಿ, ರಾಕ್ಷಸ ಮನುಷ್ಯರನ್ನು ಹುಳುಗಳನ್ನಾಗಿ ಮಾಡಿದ್ದ ಎಂಬ ಸೂಚನೆ ಅಲ್ಲಿದೆ" ಎಂದರು. ಜಯಮ್ಮ ನನ್ನ ತೊಡೆ ಚಿವುಟಿದಳು. ನಾನೂ ಚಿವುಟಿದೆ. ಸಿನಿಮಾ ಎಂಬ ಮಾತು ಮನೆಯಲ್ಲಿ ಬರಕೂಡದು ಎಂದಿದ್ದವಳು ದಾರಿಯುದ್ದಕ್ಕೂ ಅದನ್ನೇ ಆಡಿದಳು. ಕೆಂಗಲ್ ದಾಟುವಾಗ ಬಸ್ಸಿನೊಳಗಿಂದಲೇ ಆಂಜನೇಯನಿಗೆ ಕೈ ಮುಗಿದು, "ನನ್ ದನಿ ಚೆನ್ನಾಗ್ ಕೇಳಿಸ್ತಲ್ವಾ ಅತ್ತೆ?" ಎಂದು ಕೇಳಿದಳು.

ಮುಂದಿನ ಸೀಟಿನಿಂದ ಸವಿತಾ ತಿರುಗಿದಳು. "ಅಜ್ಜಿ, ಮುಂದಿನ್ ಸಿನಿಮಾದಲ್ಲಿ ನೀನೇ ರಾಕ್ಷಸಿ."

"ಹೋಗಮ್ಮಿ, ನಂಗ್ ಬ್ಯಾರೆ ಕ್ಯಾಮೆ ಇಲ್ವಾ?" ಎಂದೆ. ಖಡಕ್ಕಾಗಿಯೇ ಎಂದೆ.

ಮಾರನೆಯ ಬೆಳಗ್ಗೆ ಎದ್ದು ಮುಖ ತೊಳೆದೆ. ರಾಜಕುಮಾರಿ ಬಿಟ್ಟುಹೋಗಿದ್ದ ಪೌಡರ್ ಡಬ್ಬಿ ಗೋಡೆಯ ಗೂಡಿನಲ್ಲಿತ್ತು. ಸುಮ್ಮನೆ ಕೈಗೆ ಸಿಕ್ಕಿತು ಎಂದು ಬರೆಯಬಹುದಿತ್ತು, ಸಿಕ್ಕಿದ್ದಲ್ಲ, ಹುಡುಕಿದೆ. ಮೂಗಿಗೆ ಒಸಿ ಹೆಚ್ಚಾಗಿಯೇ ಬಳಿದುಕೊಂಡು, ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳದ ಮನೆಗೆ ನಡೆದೆ. ಹೊಸ ಹುಳ ಮೊನ್ನೆ ತಾನೇ ತಂದಿದ್ದೆವು. ಜಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಮೂಗು ಅರಳಿಸಿದಳು.

"ಆಚೀಕ್ ನಿಂತ್ಕೊಳಿ ಅತ್ತೆ. ನೀವ್ ಅತ್ತೆ ಆದ್ರೆ ನಂಗೆ, ಹುಳಕ್ಕಲ್ಲ."

ಮಂಕರಿ ಕಿತ್ತುಕೊಂಡು ಬಾಗಿಲು ಹಾಕಿದಳು. ನನ್ನ ಕಾನೂನು, ಏನು ಹೇಳಲಿ? ಜಗಲಿಯ ಮೇಲೆ ಕೂತೆ. ಸವಿತಾಳ ಫೋನು ಪಕ್ಕದಲ್ಲೇ ಚಾರ್ಜಿಗೆ ಹಾಕಿತ್ತು. ಕ್ಯಾಮೆರಾ ಹಿಡಿದುಕೊಂಡ ಹುಡುಗನ ಫೋಟೋ ಹುಡುಕಿ ಒತ್ತಿದೆ. ಈ ಸಲ ಸರಿಯಾದದ್ದನ್ನೇ ಒತ್ತಿದೆ. ಅವನು ಎತ್ತಿದ ಕೂಡಲೇ ಅಲೋ ಎಂದೆ.

"ಅಜ್ಜೀ," ಎಂದ ಅವನು, ಹೆದರಿಕೊಂಡೇ. "ಈಗ ಯಾರಿಗೆ ಜ್ವರ?"

"ನಂಗೆ ಕಣಪ್ಪ," ಎಂದೆ. "ಕ್ಯಾಮೆರಾ ತಕ್ಕೊಂಡ್ ಬಾ."