ಹದಿನಾರು ಚೌಕಗಳಲ್ಲಿ ಅಪ್ಪನ ಕೆಮ್ಮು

ಹೊಳೆನರಸೀಪುರದಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರಾಗಿದ್ದ ನನಗೆ ಭಾನುವಾರಗಳಲ್ಲಿ ಇನ್ನೊಂದು ಅವತಾರವಿತ್ತು. ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ತಾಳ ಬಾರಿಸುತ್ತಿದ್ದೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಹಾಸನದ ಗೆಳೆಯನೊಬ್ಬ ಸಂಗೀತ ಬಿಟ್ಟು ತನ್ನ ಡ್ರಮ್ ಮಷೀನನ್ನು ನನ್ನ ಕೈಗಿತ್ತ. ಅಂಗೈಯಗಲದ ಎರಡು ಸ್ಲೇಟುಗಳನ್ನು ಜೋಡಿಸಿದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಮೇಲೆ ಹದಿನಾರು ರಬ್ಬರ್ ಚೌಕಗಳು. ಬೆರಳಿನಿಂದ ಬಡಿದರೆ ಚೌಕದ ಕೆಳಗೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಸ್ವಂತ ದನಿಯಿಲ್ಲ. ಅದು ವೈರಿನ ಮೂಲಕ ಆಜ್ಞೆ ಕೊಡುತ್ತದೆ, ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್ ಸದ್ದು ಮಾಡುತ್ತದೆ. ನಮ್ಮ ಹೆಡ್‌ಮಾಸ್ಟರೂ ಹಾಗೇ ಇದ್ದುದರಿಂದ ನನಗೆ ಈ ತತ್ವ ಕೂಡಲೇ ಅರ್ಥವಾಯಿತು!

"ಒಂದೇ ವಾರ. ಇದನ್ನ ಪಳಗಿಸಿಬಿಡ್ತೀನಿ" ಎಂದೆ ಹೆಂಡತಿ ಸುಧಾಗೆ.

"ಮಿಕ್ಸಿ ರಿಪೇರಿಗೆ ಕೂತಾಗ್ಲೂ ಹಿಂಗೇ ಅಂದಿದ್ರಿ" ಎಂದಳು.

ಯಾವ ಸದ್ದನ್ನು ಬೇಕಾದರೂ ಒಂದೊಂದು ಚೌಕಕ್ಕೆ ತುಂಬಬಹುದಿತ್ತು. ನಾನು ಕುಕ್ಕರ್ ಸೀಟಿ ತುಂಬಿದೆ, ತೆಂಗಿನಕಾಯಿ ಒಡೆಯುವ ಸದ್ದು ತುಂಬಿದೆ. ಆಮೇಲೆ ಅಟ್ಟದಲ್ಲಿ ಒಂದು ಹಳೆಯ ಕ್ಯಾಸೆಟ್ ಸಿಕ್ಕಿತು. ಕಾಲೇಜು ದಿನಗಳಲ್ಲಿ ರೇಡಿಯೋ ಹಾಡುಗಳನ್ನು ಹಿಡಿದಿಟ್ಟದ್ದು. ಒಂದು ಹಾಡಿನ ನಡುವೆ ಗೇಟು ಕಿರ್ರೆಂದಿತು, ಯಾರೋ ಗಂಟಲು ಸರಿಮಾಡಿಕೊಂಡು ಕೆಮ್ಮಿದರು, ಆಮೇಲೆ ಒಂದು ಗಡಸು ದನಿ: "ಯಾರ್ಲಾ ಅದು?"

ಅಪ್ಪ! ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಾಲ್ಲೂಕು ಕಚೇರಿಯಲ್ಲಿ ಹಳೇ ಕಡತ ಕಾಯುತ್ತಿದ್ದ ಅಪ್ಪ, ಗೇಟು ಸದ್ದಾದರೆ ಸಾಕು, ಬಂದವರು ಯಾರೇ ಆಗಲಿ ಹೀಗೇ ಕೇಳುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಹೆದರಿಕೆಯೋ ಸಂತೋಷವೋ ಗೊತ್ತಾಗಲಿಲ್ಲ.

ಅಂಥ ಹೊತ್ತಿನಲ್ಲಿ ಬುದ್ಧಿಯಿರುವವನು ಕ್ಯಾಸೆಟ್ಟನ್ನು ತಾಯಿಗೆ ಕೇಳಿಸುತ್ತಾನೆ. ನಾನು ಗೇಟನ್ನು ಒಂದು ಚೌಕಕ್ಕೆ, ಕೆಮ್ಮನ್ನು ಇನ್ನೊಂದಕ್ಕೆ, "ಯಾರ್ಲಾ ಅದು"ವನ್ನು ಮೂರನೆಯದಕ್ಕೆ ತುಂಬಿದೆ. ಬೆರಳು ಒತ್ತಿ ಹಿಡಿದಷ್ಟು ಹೊತ್ತೂ ಪ್ರಶ್ನೆ ಮತ್ತೆ ಮತ್ತೆ ಬರುವಂತೆಯೂ ಮಾಡಿದೆ. ಸುಧಾ ಬಾಗಿಲಲ್ಲಿ ನಿಂತು ಕೇಳಿ ಬೆವರಿದಳು. "ಮಾವನೋರನ್ನ ಎಬ್ಬಿಸ್ಬೇಡಿ ಕಣ್ರೀ" ಎಂದಳು.

ಆಯುಧಪೂಜೆ ದಿನ ಮಧ್ಯಾಹ್ನ ಚನ್ನರಾಯಪಟ್ಟಣದಿಂದ ನನ್ನ ತಂಗಿ ಕುಸುಮಳನ್ನು ನೋಡಲು ಬರುವವರಿದ್ದರು. ಅದಕ್ಕೆ ಮುಂಚೆ ಎರಡು ಸಂಬಂಧ ಬಾಗಿಲವರೆಗೆ ಬಂದು ವಾಪಸ್ಸಾಗಿದ್ದವು. ಹುಡುಗ ಪಶು ಆಸ್ಪತ್ರೆಯಲ್ಲಿ ನೌಕರಿಯಲ್ಲಿದ್ದ, ಫೋಟೋ ನೋಡಿ ಕುಸುಮಳೂ ಒಳಗೊಳಗೇ ಒಪ್ಪಿಬಿಟ್ಟಿದ್ದಳು. ಇದೂ ತಪ್ಪಿದರೆ ಇನ್ನು ಯಾರೆದುರಿಗೂ ಕಾಫಿ ತಟ್ಟೆ ಹಿಡಿದು ಬರುವುದಿಲ್ಲ ಎಂದು ಹೇಳಿದ್ದಳು. ಅವಳು ಹೇಳಿದರೆ ಹೇಳಿದಂತೆಯೇ.

ಬಂದವರಿಗೆ ಹಿತವಾದ ಹಿನ್ನೆಲೆ ಸಂಗೀತವಿರಲೆಂದು ನಾನು ಸ್ಪೀಕರುಗಳನ್ನು ಪಡಸಾಲೆಯ ಮೂಲೆಗೆ ಸಾಗಿಸಿದೆ. ಮಷೀನು, ಕಂಪ್ಯೂಟರು ಒಳಕೋಣೆಯಲ್ಲಿ ಚಾಲೂ ಇದ್ದವು. ಆಮೇಲೆ ಸ್ಕೂಟರ್ ತೊಳೆಯಲು ಹೋದೆ. ತಿರುಗಿ ಬಂದಾಗ ಅವ್ವ ಪೂಜೆ ಮುಗಿಸಿಯಾಗಿತ್ತು. ಈಳಿಗೆಮಣೆ, ಕತ್ತರಿ, ಹೊಲಿಗೆ ಮಷೀನು, ಜೊತೆಗೆ ನನ್ನ ಡ್ರಮ್ ಮಷೀನು! ಹದಿನಾರು ಚೌಕಕ್ಕೂ ತಪ್ಪದೆ ನೀರು ಚಿಮುಕಿಸಿ, ತೇದ ಗಂಧ ಬಳಿದು, ಕುಂಕುಮ ಇಟ್ಟಿದ್ದರು. ಮೌಸಿಗೆ ಚೆಂಡುಹೂವಿನ ಸರ ಸುತ್ತಿತ್ತು.

"ಅವ್ವ, ಇದಕ್ಕೆ ನೀರು ತಾಗಬಾರ್ದು!"

"ಇದೂ ಆಯುಧ ತಾನೇ? ನಾಳೆ ಗಂಟ ಮುಟ್ಬ್ಯಾಡ ಕಣ್ಲಾ. ಪೂಜೆ ಮಾಡಿದ್ನ ಅಲ್ಲಾಡ್ಸುದ್ರೆ ಒಳ್ಳೇದಾಗಕಿಲ್ಲ. ಇವತ್ತು ಕುಸುಮಿ ವಿಷ್ಯ ಬ್ಯಾರೆ ಐತೆ."

ತಂಗಿಯ ವಿಷಯ ಎಂದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಕೋಣೆಯ ಬಾಗಿಲನ್ನೂ ಮುಚ್ಚಿದೆ.

ಮೂರು ಗಂಟೆಗೆ ಅವರು ಬಂದರು. ಹುಡುಗ, ಅವನ ತಂದೆ, ಜೊತೆಗೆ ದಪ್ಪ ಕನ್ನಡಕದ ಸೋದರತ್ತೆ. ತಂದೆ ಕುಳಿತ ಕುರ್ಚಿಯ ನೇರ ಮೇಲೆ ಅಪ್ಪನ ಫೋಟೋ, ಹೊಸ ಹಾರ. ಕುಸುಮ ಕಾಫಿ ಕೊಟ್ಟಳು, ಹುಡುಗ ನೋಡಿದ, ಇವಳೂ ನೋಡಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೇಸರಿಬಾತನ್ನು ಎರಡನೇ ಸಲ ನಾನೇ ಹಾಕಿಸಿಕೊಂಡೆ.

ಕಿರ್ರ್‌ರ್.

ಎಲ್ಲರೂ ಹೊರಗೆ ನೋಡಿದರು. ಗೇಟು ಮುಚ್ಚಿಯೇ ಇತ್ತು. ಬಿಸಿಲು ಬಿಟ್ಟರೆ ಅಂಗಳದಲ್ಲಿ ಯಾರೂ ಇರಲಿಲ್ಲ.

ಕಿರ್ರ್‌ರ್. ಮತ್ತೆ. ಆಮೇಲೆ ನಮ್ಮ ನಡುವೆಯೇ ಯಾರೋ ನಿಧಾನವಾಗಿ ಗಂಟಲು ಸರಿಮಾಡಿಕೊಂಡು ಕೆಮ್ಮಿದರು.

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಲೋಟ ಬಿತ್ತು. ಉರುಳುತ್ತಾ ಬಂದು ಹೊಸ್ತಿಲಿಗೆ ತಾಗಿ ನಿಂತಿತು.

"ಯಾರ್ಲಾ ಅದು?"

ಹುಡುಗನ ತಂದೆ ಗೌರವದಿಂದ ಅರ್ಧ ಎದ್ದರು. "ಯಜಮಾನ್ರು ಒಳಗವ್ರಾ ಸಾ?"

"ಹೂಂ... ಇಲ್ಲ... ಇದ್ರು" ಎಂದೆ.

ಸೋದರತ್ತೆ ಕನ್ನಡಕ ಒರೆಸಿಕೊಂಡು ಫೋಟೋ ನೋಡಿದರು, ಹಾರ ನೋಡಿದರು, ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

ನಾನು ಒಳಕೋಣೆಗೆ ಓಡಿದೆ. ಮುಚ್ಚಿದ ಕಿಟಕಿ, ಊದುಬತ್ತಿ ಹೊಗೆ, ಆ ಮಬ್ಬಿನಲ್ಲಿ ಕುಂಕುಮದ ಕೆಳಗೆ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿ ಆರುತ್ತಿದ್ದವು. ಒತ್ತುತ್ತಿದ್ದವರು ಯಾರೂ ಇಲ್ಲ! ರಬ್ಬರಿನ ಕೆಳಗೆ ನೀರಿಳಿದಿದೆ ಎಂದು ಗಣಿತ ಮೇಷ್ಟ್ರಿಗೆ ಗೊತ್ತಿತ್ತು. ಮೇಷ್ಟ್ರ ಬಾಯಿಗೆ ಗೊತ್ತಿರಲಿಲ್ಲ, ಅದು "ನಾನೇ ಅಪ್ಪ" ಎಂದಿತು.

ಹಿಂದುಮುಂದು ಯೋಚಿಸದೆ ಮಷೀನಿನ ವೈರು ಕಿತ್ತೆ. ದೀಪಗಳು ಆರಿದವು. ಆದರೆ "ಯಾರ್ಲಾ ಅದು"ವಿನ ಚೌಕ ಒತ್ತಿದ್ದಾಗಲೇ ವೈರು ಕಿತ್ತಿದ್ದರಿಂದ, ಬೆರಳು ಎತ್ತಿಯಾಯಿತೆಂಬ ಸುದ್ದಿ ಕಂಪ್ಯೂಟರಿಗೆ ಮುಟ್ಟಲಿಲ್ಲ. ಅಪ್ಪ ಬಿಡದೆ ಕೇಳತೊಡಗಿದರು. ಯಾರ್ಲಾ ಅದು? ಯಾರ್ಲಾ ಅದು? ಯಾರ್ಲಾ ಅದು?

ಹೂವಿನ ಸರ ಸುತ್ತಿದ ಮೌಸು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಮಹಾ ಜಾಣನಂತೆ ಹೋಗಿ ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದೆ. ಫ್ಯಾನು ನಿಂತಿತು, ಟ್ಯೂಬ್‌ಲೈಟು ಆರಿತು. ಅಪ್ಪ ನಿಲ್ಲಲಿಲ್ಲ! ಕಂಪ್ಯೂಟರಿಗೂ ಸ್ಪೀಕರಿಗೂ ಯುಪಿಎಸ್ ಹಾಕಿದ್ದೆನಲ್ಲ, ನಾನೇ, ಈ ಕೈಯಾರೆ!

ಕರೆಂಟು ಹೋದ ಮನೆಯಲ್ಲಿ ಸತ್ತ ಯಜಮಾನ ಮಾತಾಡುತ್ತಿದ್ದಾನೆಂದರೆ ಯಾವ ಬೀಗರು ಕೂರುತ್ತಾರೆ? ಸೋದರತ್ತೆ ಆಗಲೇ ಗೇಟಿನಾಚೆ ಇದ್ದರು, ಚಪ್ಪಲಿ ಮಾತ್ರ ಇನ್ನೂ ನಮ್ಮ ಬಾಗಿಲಲ್ಲಿತ್ತು. ನಾನು ಮಷೀನನ್ನು ಎತ್ತಿಕೊಂಡು ಅವರ ಹಿಂದೆ ಓಡಿದೆ. "ಸಾರ್, ಇದು ಬರೀ ಯಂತ್ರ, ನೋಡಿ" ಎಂದು ಹುಡುಗನ ತಂದೆಯ ಮುಂದೆ ಚೌಕಗಳನ್ನು ಪಟಪಟ ಬಡಿದೆ. ವೈರು ಕಿತ್ತ ಯಂತ್ರ ತುಟಿ ಬಿಚ್ಚಲಿಲ್ಲ. ಒಳಗಿನಿಂದ ಅಪ್ಪ ಮಾತ್ರ ಕೇಳುತ್ತಲೇ ಇದ್ದರು. ಹುಡುಗನ ತಂದೆ ನನ್ನನ್ನು ನೋಡಿದ ನೋಟದಲ್ಲಿ ಹೆದರಿಕೆ ಹೋಗಿ ಕನಿಕರ ಬಂದಿತ್ತು.

ಅವರು ಹತ್ತಿದ ಬಸ್ಸು ಹೊರಟುಹೋಯಿತು. ಯುಪಿಎಸ್ ಸುಸ್ತಾಗಿ "ಯಾರ್ಲಾ ಅ" ಎಂಬಲ್ಲಿಗೆ ಮನೆ ಗಪ್ಪೆಂದಿತು. ಕುಸುಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವ್ವ ಗೋಡೆಗೆ ಒರಗಿ ಅಳುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದ್ಸಲ ಕೇಳ್ಸ್ಲಾ" ಎಂದರು.

ನಾಲ್ಕನೇ ದಿನ ಹುಡುಗನ ತಂದೆಯ ಫೋನ್ ಬಂತು. ನಾನು ಕ್ಷಮಾಪಣೆಯನ್ನು ಮೂರು ಭಾಗಗಳಲ್ಲಿ ಸಿದ್ಧಪಡಿಸಿಟ್ಟಿದ್ದೆ. ಒಂದಕ್ಕೂ ಅವಕಾಶ ಸಿಗಲಿಲ್ಲ.

"ಸಾ, ನನ್ ಮಗ ಆ ಮಿಸೀನ್ ವಿಚಾರ ಎಲ್ಲಾ ಬಿಡಿಸಿ ಹೇಳ್ದ. ಆದ್ರೂ ಮನಸು ಕೇಳ್ತಿಲ್ಲ. ಮನೆ ಹಿರೀಕರು ಯಾರ್ಲಾ ಅದು ಅಂತ ಅಷ್ಟು ಸಲ ಕೇಳುದ್ರು, ನಾವು ಉತ್ರ ಕೊಡ್ದೆ ಎದ್ದು ಬಂದ್ಬುಟ್ವಿ. ಮರ್ವಾದೆ ಅಲ್ಲ. ಬತ್ತೀವಿ, ಇನ್ನೊಂದ್ಸಲ ಕೇಳ್ಸಿ."

ಬಂದರು. ಸೋದರತ್ತೆಯೂ ಬಂದರು, ಸ್ಪೀಕರಿನಿಂದ ದೂರ ಕೂತರು. ನಾನು ಹತ್ತಿಯಲ್ಲಿ ಒರೆಸಿ ಬಿಸಿಲಿನಲ್ಲಿ ಒಣಗಿಸಿದ್ದ ಮಷೀನನ್ನು ಪಡಸಾಲೆಯಲ್ಲೇ ಇಟ್ಟು, ಮೈಕಿನ ಮುಂದೆ ನಿಂತವನ ಗತ್ತಿನಲ್ಲಿ ಬೆರಳೆತ್ತಿ ಬಡಿದೆ.

ಕುಕ್ಕರ್ ಸೀಟಿ ಹೊಡೆಯಿತು!

"ಅತ್ಲಾಗೆ ಸರ್ಕಳ್ಲಾ" ಎಂದು ಅವ್ವ ನನ್ನನ್ನು ತಳ್ಳಿ, ತೋರುಬೆರಳಿನಿಂದ ಸರಿಯಾದ ಚೌಕವನ್ನು ಮೆಲ್ಲಗೆ ಒತ್ತಿ ಬಿಟ್ಟರು.

"ಯಾರ್ಲಾ ಅದು?"

ಹುಡುಗನ ತಂದೆ ಎದ್ದು ನಿಂತು ಹೆಗಲ ಮೇಲಿನ ಟವೆಲ್ ತೆಗೆದು ಕೈಮುಗಿದರು. "ನಾವು ಸಾಮಿ, ಚನ್ರಾಯಪಟ್ಣದೋರು. ನಿಮ್ ಮಗಳ್ನ ನಮ್ ಹುಡುಗನಿಗೆ ಕೇಳಕ್ಕೆ ಬಂದಿದೀವಿ" ಎಂದರು.

ಕುಸುಮ ಬಾಗಿಲ ಹಿಂದೆ ಅತ್ತದ್ದು ನನಗೆ ಕೇಳಿಸಿತು. ನನ್ನ ಕಣ್ಣೂ ಒದ್ದೆಯಾಯಿತು. ಹಿರಿಯ ಮಗನಾಗಿ ಒಪ್ಪಿಗೆ ಹೇಳಲು ನಾನು ಗಂಟಲು ಸರಿಮಾಡಿಕೊಂಡು, ತಾಂಬೂಲಕ್ಕೆ ಎರಡೂ ಕೈ ಚಾಚಿ ನಿಂತೆ. ಅವರು ನನ್ನನ್ನು ಸುತ್ತಿಬಳಸಿ ಹೋಗಿ, ತಟ್ಟೆಯನ್ನು ಸ್ಪೀಕರಿನ ಮುಂದೆ ಇಟ್ಟರು.